ಮಡಿಲು ಬದಲಿಸಿದ ಮರಿಗಳು

ತಾಯಿ ಸತ್ತು ಸೆಟೆದುಕೊಂಡಿದ್ದರೂ ಮರಿಗಳು ಇನ್ನೂ ಬೆಚ್ಚಗೇ ಇದ್ದವು. ಮುಗುರೆ ಮೊಲದ ಮರಿಪೆಟ್ಟಿಗೆಯೊಳಗೆ ಕೈಯಿಟ್ಟು ತುಪ್ಪಳದ ಕೆಳಗೆ ಮುಟ್ಟಿ ನೋಡಿದಳು. ಕಣ್ಣು ತೆರೆಯದ, ಬೆರಳುದ್ದದ ಜೀವಗಳು ಅವಳ ಅಂಗೈಯನ್ನೇ ಮೊಲೆಯೆಂದುಕೊಂಡು ಮೂತಿಯಿಂದ ತಿವಿದವು.

ಬೆಳಗ್ಗೆ ಮೇವು ಹಾಕಲು ಬಂದಾಗ ಮೊದಲ ಗೂಡಿನ ಹೆಣ್ಣು ಮೊಲ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿಕೊಂಡು ಬಿದ್ದಿತ್ತು. ಮೂಗಿನ ಹತ್ತಿರ ಒಂದಿಷ್ಟು ರಕ್ತ. ಅದನ್ನು ಎತ್ತಿ ಹೊರಗಿಡುವಷ್ಟರಲ್ಲಿ ಪಕ್ಕದ ಗೂಡಿನದು ಕಿರುಚಿತು. ಇಷ್ಟು ವರ್ಷ ಮೊಲ ಸಾಕಿದ್ದರೂ ಮೊಲ ಕಿರುಚುವುದನ್ನು ಮುಗುರೆ ಕೇಳಿದ್ದು ಅಪರೂಪ. ಕೂಸಿನ ದನಿಯ ಹಾಗೇ ಇರುತ್ತದೆ ಅದು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯ ಉದ್ದಕ್ಕೂ ಒಂದರ ಹಿಂದೊಂದು ಬಿದ್ದವು. ನೈವಾಷಾ ಪೇಟೆಯ ಹೋಟೆಲಿನ ಗಾಡಿಗೆಂದು ಕೊಬ್ಬಿಸಿದ್ದವು, ಈದು ವಾರವೂ ಆಗದ ಬಾಣಂತಿಗಳು, ಹೋರಿಯ ಹಾಗೆ ಬೀಗುತ್ತಿದ್ದ ಬಿಳಿ ಗಂಡು, ಎಲ್ಲವೂ. ತರಕಾರಿ ಬೆಳೆಯುವವರು ಗೊಬ್ಬರಕ್ಕೆಂದು ಕೊಂಡೊಯ್ಯುವ ಮೊಲದ ಉಚ್ಚೆ ಗೂಡಿನ ಕೆಳಗಿನ ತಗಡಿನ ಮೇಲೆ ಹರಿದು ಕ್ಯಾನಿಗೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಆ ಸದ್ದೂ ನಿಂತುಹೋಯಿತು.

ಗಂಡ ಗಿಚುಹಿ ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದ. ಮುಗುರೆ ಗುಂಡಿಯ ಅಂಚಿಗೆ ಬಂದು ನಿಂತಳು.

"ನಿನ್ನೆ ಮೇವು ಎಲ್ಲಿ ಕೊಯ್ದಿರಿ?"

"ಬದೂನಲ್ಲಿ."

"ಯಾವ ಬದು? ಆಲೂಗಡ್ಡೆ ಹೊಲದ್ದಾ? ಅಂಗಮಾರಿ ರೋಗಕ್ಕೆ ಔಷಧಿ ಹೊಡೆದ್ರಲ್ಲ, ಅದೇ ಹೊಲದ್ದಾ?"

"ಗಾಳಿ ಆ ಕಡೆಗಿತ್ತು ಕಣೇ. ಬದುವಿಗೆ ಒಂದು ಹನೀನೂ ಬಿದ್ದಿರ್ಲಿಲ್ಲ."

"ಗಾಳಿ ನಿಮ್ಮನ್ನ ಕೇಳ್ಕೊಂಡು ಬೀಸುತ್ತಾ?"

ಗಿಚುಹಿ ಗುದ್ದಲಿಯನ್ನು ಮೊದಲಿಗಿಂತ ಜೋರಾಗಿ ಬೀಸಿದ. ತಪ್ಪನ್ನು ಹಾಗೆ ಅವನ ಮೇಲೆ ಹಾಕಿಬಿಟ್ಟದ್ದರಿಂದ ಮುಗುರೆಗೆ ಒಂದು ರೀತಿಯ ಸಮಾಧಾನವೇ ಆಯಿತು. ಇಷ್ಟೊಂದು ಸಾವಿಗೆ ಏನಾದರೂ ಒಂದು ಕಾರಣ ಬೇಕಿತ್ತು, ಅದು ಕೈಗೆ ಸಿಕ್ಕಿತ್ತು. ಮೇವು ತಿಂದ ತಾಯಂದಿರು ಸತ್ತವು. ಮೇವು ಮುಟ್ಟದ ಮರಿಗಳು ಬದುಕಿದವು. ಲೆಕ್ಕ ಸರಿಯಾಗಿಯೇ ಇತ್ತು.

ಕಿನಂಗೋಪ್ ಬೆಟ್ಟಸೀಮೆಯ ಆ ದಿಣ್ಣೆಯ ಹೆಂಗಸರೆಲ್ಲ ತಮ್ಮ ಹೆಣ್ಣು ಮೊಲಗಳನ್ನು ಒಟ್ಟೊಟ್ಟಿಗೇ ಗಂಡಿಗೆ ಬಿಡುತ್ತಿದ್ದರು. ಎಲ್ಲರ ಮನೆಯಲ್ಲೂ ಹತ್ತಿರ ಹತ್ತಿರ ಈದರೆ ಒಂದರ ತಾಯಿ ಸತ್ತರೂ ಮರಿಗಳಿಗೆ ಇನ್ನೊಂದು ಮನೆಯಲ್ಲಿ ಹಾಲು ಉಂಟು. ತಬ್ಬಲಿ ಮರಿ ಹಿಡಿದು ಬಂದವಳನ್ನು ಯಾರೂ ಬೇಡವೆನ್ನುತ್ತಿರಲಿಲ್ಲ. ಕೊಟ್ಟವಳು ಮರಳಿ ಕೇಳುತ್ತಲೂ ಇರಲಿಲ್ಲ. ಬುಟ್ಟಿಯಲ್ಲಿ ಒಯ್ದರೆ ಬೆಟ್ಟದ ಗಾಳಿಗೆ ದಾರಿಯಲ್ಲೇ ತಣ್ಣಗಾಗುತ್ತವೆಂದು ಮರಿಗಳನ್ನು ಸ್ವೆಟರಿನೊಳಗೆ, ಎದೆಗೆ ಒತ್ತಿಕೊಂಡೇ ಒಯ್ಯುವುದು ರೂಢಿ.

ಮುಗುರೆಯೂ ಹಾಗೇ ಒಯ್ದಳು. ಹೊಳೆಯ ಆಚೆ ಗಿಚುಹಿಯ ತಂಗಿ ವಂಬುರಾ ಇದ್ದಳು. ಗಂಡನ ಮನೆಯಲ್ಲಿ ಬಾಳಲಾಗದೆ ತವರಿಗೆ ಬಂದವಳಿಗೆ ಅಣ್ಣ ಹೊಲದ ಒಂದು ಮೂಲೆ ಬಿಟ್ಟುಕೊಟ್ಟಿದ್ದ. ಅವಳಿಗೆ ಮೊದಲ ಹೆಣ್ಣು ಮೊಲವನ್ನು ಕೊಟ್ಟವಳು ಮುಗುರೆಯೇ. ಈಗ ವಂಬುರಾಳ ಗೂಡುಗಳು ಒಂದು ಸಾಲು ತುಂಬಿದ್ದವು. ಉಪ್ಪಿಗೂ ಅಣ್ಣನ ಮುಖ ನೋಡಬೇಕಾಗಿಲ್ಲ ಎಂದು ಅವಳು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

"ಏನತ್ತಿಗೆ, ಎದೆ ಇಷ್ಟು ತುಂಬ್ಕೊಂಡಿದೆ? ಈ ವಯಸ್ಸಲ್ಲಿ ಮತ್ತೆ ಬಾಣಂತಿ ಆದ್ಯಾ?" ಎಂದು ನಕ್ಕವಳು ಮುಗುರೆಯ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತು?"

"ಎಲ್ಲಾ ಹೋದ್ವು ಕಣೇ. ನಿಮ್ಮಣ್ಣ ಔಷಧಿ ಹೊಡೆದ ಹೊಲದ ಮೇವು ಹಾಕಿಬಿಟ್ರು. ಇವಿಷ್ಟೇ ಉಳಿದಿರೋದು."

"ಅಯ್ಯೋ ನನ್ನಪ್ಪಾ! ಕೊಡು, ಕೊಡು ಇಲ್ಲಿ, ತಣ್ಣಗಾದಾವು."

ವಂಬುರಾಳ ಬೂದುಬಣ್ಣದ ಹೆಣ್ಣು ಈದು ಸ್ವಲ್ಪವೇ ದಿನವಾಗಿತ್ತು, ಮರಿಗಳೂ ಕಡಿಮೆ. ಅದರ ಹೊಟ್ಟೆಯ ತುಪ್ಪಳ ಒಂದಿಷ್ಟು ಕಿತ್ತು ಇಬ್ಬರೂ ಕೂತು ಒಂದೊಂದೇ ಮರಿಯ ಮೈಗೆ ಉಜ್ಜಿದರು. ತನ್ನದೇ ವಾಸನೆ ಬಂದರೆ ತಾಯಿ ಹೊರಗೆ ತಳ್ಳುವುದಿಲ್ಲ. ಆಮೇಲೆ ಅವನ್ನು ಅದರ ಮರಿಗಳ ನಡುವೆ ತೂರಿಸಿದರು. ಬೂದು ಹೆಣ್ಣು ಪೆಟ್ಟಿಗೆಗೆ ಹಾರಿ, ಒಂದು ಗಳಿಗೆ ಮೂಸಿ, ಕಾಲು ಅಗಲಿಸಿ ನಿಂತಿತು. ಕೆಳಗಿನಿಂದ ಚಪ್ಪರಿಸುವ ಸದ್ದು ಬಂದಾಗ ಮುಗುರೆ ಬೆಳಗಿನಿಂದ ಹಿಡಿದಿಟ್ಟಿದ್ದ ಅಳು ಬಿಟ್ಟಳು.

"ಅಳ್ಬೇಡ ಅತ್ತಿಗೆ," ಎಂದಳು ವಂಬುರಾ. "ಇವು ದೊಡ್ಡವಾಗ್ಲಿ. ನೀನು ನನಗೆ ಕೊಟ್ಟ ಹಾಗೆ ನಾನು ನಿನಗೆ ಕೊಡ್ತೀನಿ."

ಮಾರನೆಯ ದಿನ ಪಶುವೈದ್ಯ ಕಿಹಾರಾ ಬೈಕಿನ ಹಿಂದೆ ಕೂತು ಬಂದ. ಗುಂಡಿಗೆ ಹಾಕದೆ ಉಳಿಸಿಕೊಂಡಿದ್ದ ಒಂದನ್ನು ಹಲಗೆಯ ಮೇಲೆ ಮಲಗಿಸಿ ಕೊಯ್ದ. ಶ್ವಾಸನಾಳದ ತುಂಬ ರಕ್ತ, ಪಿತ್ತಜನಕಾಂಗ ಬೇಯಿಸಿದ ಹಾಗೆ ಬಿಳಿಚಿಕೊಂಡಿತ್ತು. ಅವನು ಬಹಳ ಹೊತ್ತು ನೋಡಲಿಲ್ಲ.

"ವಿಷ ಅಲ್ಲಮ್ಮ ಇದು. ರೋಗ. ದೊಡ್ಡ ರೋಗ."

"ಮರಿಗಳು ಚೆನ್ನಾಗೇ ಇದ್ವಲ್ಲ ಡಾಕ್ಟ್ರೇ?"

"ಅದೇ ಇದರ ಮೋಸ. ಕಣ್ಣು ಬಿಡದ ಮರೀನ ಇದು ಕೊಲ್ಲಲ್ಲ. ಅದರ ಮೈಮೇಲೆ ಕೂತ್ಕೊಂಡು ಮುಂದಿನ ಮನೆಗೆ ಹೋಗುತ್ತೆ. ನಮ್ಮ ಕೈಯಲ್ಲಿ, ಬಟ್ಟೆಯಲ್ಲೂ ಹೋಗುತ್ತೆ." ಅವನು ಸುತ್ತ ನೋಡಿದ. "ಮರಿಗಳೆಲ್ಲಿ?"

ಮುಗುರೆ ಹೊಳೆಯ ಆಚೆಗೆ ಕೈ ತೋರಿಸಿದಳು.

ಕಿಹಾರಾ ಚೂರಿಯನ್ನು ಬಕೆಟ್ಟಿನಲ್ಲಿ ಅದ್ದಿದ. "ಈಗಲೇ ಹೋಗಿ. ಆ ಒಂದು ಗೂಡು ಪೂರ್ತಿ ತೆಗೀಬೇಕು. ಹಾಲು ಕೊಟ್ಟ ತಾಯಿ, ಅದರ ಮರಿ, ನಿಮ್ಮ ಮರಿ, ಎಲ್ಲ. ಸುಣ್ಣ ಹಾಕಿ ಹೂಳಬೇಕು. ಬೇರೆ ಗೂಡಿಗೆ ಹತ್ತದೇ ಇದ್ರೆ ಪುಣ್ಯ. ಒಂದು ಮರೀನೂ ಇನ್ನೊಂದು ಮನೆಗೆ ದಾಟಬಾರದು."

ಗಿಚುಹಿ ಅಲ್ಲೇ ಇದ್ದ. ತಪ್ಪು ತನ್ನ ಮೇವಿನದ್ದಲ್ಲವೆಂದು ಅವನಿಗೂ ಈಗ ಗೊತ್ತಾಗಿತ್ತು. ನೋಡಿದೆಯಾ ಎಂದು ಅವನು ಒಂದು ಮಾತು ಚುಚ್ಚಿದ್ದರೆ ಮುಗುರೆಗೆ ಹಗುರವಾಗುತ್ತಿತ್ತು. ಅವನು ಚುಚ್ಚಲಿಲ್ಲ.

"ನಾನು ಹೋಗಿ ಹೇಳ್ಲಾ?" ಎಂದು ಮಾತ್ರ ಕೇಳಿದ.

"ಬೇಡ. ಹೊತ್ಕೊಂಡು ಹೋದವಳು ನಾನು."

ಮೈಕೈ ಸೋಪಿನಲ್ಲಿ ತಿಕ್ಕಿ, ಬೇರೆ ಬಟ್ಟೆ ಉಟ್ಟು ಹೋದಳು. ವಂಬುರಾ ಮೊಲಗಳ ಮೇವಿಗೆ ಗೆಣಸಿನ ಬಳ್ಳಿಯನ್ನು ಬಾಡಲೆಂದು ಗಳದ ಮೇಲೆ ಹರಡುತ್ತಿದ್ದಳು.

"ಮೊಮ್ಮಕ್ಕಳನ್ನ ನೋಡೋಕೆ ಬಂದ್ಯಾ? ಹೊಟ್ಟೆಬಾಕರು ಅವು, ನಿನ್ನ ಕಡೆಯವಲ್ವಾ! ಬಾ, ಹೊಟ್ಟೆ ಹೇಗೆ ತಮಟೆ ಆಗಿದೆ ನೋಡು."

ಮುಗುರೆ ಸೈಪ್ರಸ್ ಗಿಡದ ಬೇಲಿಯ ಹೊರಗೇ ನಿಂತು ಎಲ್ಲ ಹೇಳಿದಳು. ಕಿಹಾರಾ ಹೇಳಿದ್ದನ್ನು ಒಂದು ಮಾತೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ವಂಬುರಾಳ ಕೈಯಲ್ಲಿದ್ದ ಬಳ್ಳಿ ನೆಲಕ್ಕೆ ಜೋತುಬಿತ್ತು.

"ನಿನ್ನೆ ವಿಷ ಅಂದೆ."

"ಅಂದೆ. ಗೊತ್ತಿರ್ಲಿಲ್ಲ."

"ಇವತ್ತು ರೋಗ ಅಂತೀಯ. ನಾಳೆ ಏನು, ಮಾಟ ಅಂತೀಯಾ?" ವಂಬುರಾ ಗೂಡುಗಳ ಮುಂದೆ ಹೋಗಿ ನಿಂತಳು. "ನೋಡು ಅವಳನ್ನ. ರೋಗ ಬಂದವಳು ಹೀಗೆ ತಿಂತಾಳಾ?"

ಬೂದು ಹೆಣ್ಣು ಸೊಪ್ಪು ಮೆಲ್ಲುತ್ತ ಕಿವಿ ಅಲ್ಲಾಡಿಸಿತು.

"ವಂಬುರಾ, ನನ್ನವೂ ಹಿಂದಿನ ದಿನದವರೆಗೆ ಹೀಗೇ ತಿಂದ್ವು. ನೀನು ನೋಡ್ಬೇಡ, ನಾನೇ ಮಾಡ್ತೀನಿ. ಅದೊಂದು ಗೂಡು, ಅಷ್ಟೇ."

"ನಿನ್ನ ಕೊಟ್ಟಿಗೆ ಖಾಲಿ ಆಯ್ತು ಅಂತ ನನ್ನದಕ್ಕೂ ಕೈ ಹಾಕ್ತೀಯಾ? ಅಥವಾ ಅಣ್ಣ ಕಳಿಸಿದ್ನಾ? ತಂಗಿ ಮತ್ತೆ ಬಂದು ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಲಿ ಅಂತಾನಾ?"

ಮುಗುರೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳನ್ನು ಪಕ್ಕಕ್ಕೆ ತಳ್ಳಿ ಪೆಟ್ಟಿಗೆ ಎತ್ತಿಕೊಂಡು ಬಂದುಬಿಡಬಹುದಿತ್ತು. ವಂಬುರಾ ಗಾಳಿಗೆ ತೂರಿಹೋಗುವಂಥ ಸಣಕಲಿ. ಆದರೆ ನಿನ್ನೆ ತಾನೇ ತುಂಬಿಸಿದ ಮಡಿಲಿಗೆ ಇವತ್ತು ಕೈ ಹಾಕಲು ಅವಳಿಗೆ ಕೈ ಬರಲಿಲ್ಲ. "ಬೇರೆ ಗೂಡಿನ ಹತ್ತಿರ ಅದೇ ಕೈಯಲ್ಲಿ ಹೋಗ್ಬೇಡ, ಅಷ್ಟಾದ್ರೂ ಮಾಡು," ಎಂದಳು. ವಂಬುರಾ ಬೆನ್ನು ತಿರುಗಿಸಿ ಬಳ್ಳಿ ಹರಡತೊಡಗಿದಳು.

ಆಮೇಲೆ ಹೊಳೆಯಾಚೆಯಿಂದ ಸುದ್ದಿ ಬರಲಿಲ್ಲ. ಮುಗುರೆ ಗಿಥೇರಿಯ ಅಡುಗೆಗೆ ಮೆಕ್ಕೆಜೋಳ, ಕಾಳು ತೊಳೆಯುವಾಗಲೂ ಬಟ್ಟೆ ಹಿಂಡುವಾಗಲೂ ಕಣ್ಣು ಅತ್ತಲೇ ಇಟ್ಟಿದ್ದಳು. ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಹುಲ್ಲಿನ ಮೇಲೆ ಬೆಳ್ಳಗಿರುವಾಗ, ವಂಬುರಾ ಮನೆಯ ಹಿಂದೆ ಬಗ್ಗಿ ಏಳುತ್ತಿರುವುದು ಕಂಡಿತು. ನೆಲ ಅಗೆಯುತ್ತಿದ್ದಳು. ಮುಗುರೆ ಗಿಚುಹಿಯನ್ನು ಕೂಗಲೂ ಇಲ್ಲ, ಸುಣ್ಣದ ಚೀಲ ಹೊತ್ತು ಹೊಳೆ ದಾಟಿದಳು.

"ಎಲ್ಲಾನಾ?" ಎಂದು ಕೇಳಿದಳು.

"ಎಲ್ಲ," ಎಂದಳು ವಂಬುರಾ, ತಲೆಯೆತ್ತದೆ. "ಬೂದುಬಣ್ಣದವಳು ಮೊದಲು."

ಮೊಲಗಳನ್ನು ಗೋಣಿಯ ಮೇಲೆ ಸಾಲಾಗಿ ಮಲಗಿಸಿದ್ದಳು, ನಿದ್ದೆ ಮಾಡುವ ಮಕ್ಕಳ ಹಾಗೆ, ತಲೆಗಳೆಲ್ಲ ಒಂದೇ ಕಡೆಗೆ. ಮುಗುರೆ ಇನ್ನೊಂದು ಗುದ್ದಲಿ ಎತ್ತಿಕೊಂಡಳು. ಇಬ್ಬರೂ ಅಗೆದರು. ದೊಡ್ಡವನ್ನೆಲ್ಲ ಇಳಿಸಿ ಮುಗಿಯುವ ಹೊತ್ತಿಗೆ ಬೇಲಿಯ ಹತ್ತಿರ ಯಾರೋ ಕೂಗಿದರು. ಪಕ್ಕದ ಹೊಲದ ನ್ಯಾಗುಥಿ. ಸ್ವೆಟರಿನ ಗುಂಡಿಗಳನ್ನು ಮೊದಲೇ ಬಿಚ್ಚಿಕೊಂಡು ಬಂದಿದ್ದಳು.

"ವಂಬುರಾ, ಅಗೆಯೋದು ಕಾಣಿಸ್ತು ಕಣವ್ವ. ತಾಯಿ ಹೋಯ್ತಾ? ನಂದು ಮೊನ್ನೆ ಈದಿದೆ, ಹಾಲು ಹೆಚ್ಚಾಗಿ ಒದ್ದಾಡ್ತಿದೆ. ಕೊಡು ಮರಿಗಳನ್ನ."

"ಒಳಗೆ ಬರ್ಬೇಡ ನ್ಯಾಗುಥಿ. ಮರಿ ಇಲ್ಲ."

"ಮತ್ತೆ ಅದೇನು ಕುಂಯ್ ಅಂತಿರೋದು?"

ಹಸಿದ ಮರಿಗಳ ಸದ್ದು ಪೆಟ್ಟಿಗೆಯಿಂದ ಸಣ್ಣಗೆ ಬರುತ್ತಲೇ ಇತ್ತು. ನ್ಯಾಗುಥಿಯ ಮುಖ ಬಿಗಿದುಕೊಂಡಿತು. "ಓಹೋ. ನನ್ನ ಮೊಲದ ಹಾಲು ನಿಮ್ಮ ಮರಿಗಳಿಗೆ ಆಗಲ್ವೇನೋ."

ವಂಬುರಾ ಮುಗುರೆಯ ಕಡೆ ನೋಡಿದಳು. ಆ ಜಗಳದ ಬಳಿಕ ಅವಳ ಕಣ್ಣನ್ನು ನೇರವಾಗಿ ನೋಡಿದ್ದು ಆಗಲೇ.

"ರೋಗ ಅದು," ಎಂದಳು ಮುಗುರೆ. "ಮರಿ ಸಾಯಲ್ಲ, ಹಾಲು ಕೊಟ್ಟವಳು ಸಾಯ್ತಾಳೆ. ಇಲ್ಲಿಗೆ ತಂದವಳು ನಾನು. ಮನೆಗೆ ಹೋಗಿ ಕಾಲು ತೊಳ್ಕೊ, ಚಪ್ಪಲಿ ಹೊರಗೇ ಬಿಡು. ದಿಣ್ಣೆಯ ಎಲ್ಲರಿಗೂ ಹೇಳು. ನನ್ನ ಹೆಸರು ಹಿಡಿದೇ ಹೇಳು."

ನ್ಯಾಗುಥಿ ಒಂದು ಹೆಜ್ಜೆ ಹಿಂದಕ್ಕಿಟ್ಟು ಸ್ವೆಟರಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೂ ಹಾಕಿಕೊಂಡು ಹೊರಟುಹೋದಳು.

ವಂಬುರಾ ಪೆಟ್ಟಿಗೆಗಳನ್ನೆಲ್ಲ ತಂದು ಗುಂಡಿಯ ಅಂಚಿನಲ್ಲಿಟ್ಟಳು. ಬೂದು ಹೆಣ್ಣಿನ ಪೆಟ್ಟಿಗೆಯ ತುಪ್ಪಳ ಸರಿಸಿದಾಗ ಮರಿಗಳು ಒಂದರ ಮೇಲೊಂದು ಹೊರಳಿದವು. ಕೆಲವು ಕಣ್ಣು ಬಿಡಲು ಶುರುಮಾಡಿದ್ದವು.

"ನಿನ್ನವು ಯಾವು ಹೇಳು," ಎಂದಳು ವಂಬುರಾ. "ನಿನ್ನವನ್ನ ನೀನು ಮಾಡು. ನನ್ನವನ್ನ ನಾನು ಮಾಡ್ತೀನಿ."

ಮುಗುರೆ ಬಗ್ಗಿ ನೋಡಿದಳು. ಎಲ್ಲವಕ್ಕೂ ಒಂದೇ ಬೂದುಬಣ್ಣದ ನುಣುಪು, ಒಂದೇ ತಾಯಿಯ ಹಾಲಿನ ವಾಸನೆ. "ಗೊತ್ತಾಗ್ತಿಲ್ಲ," ಎಂದಳು.

ವಂಬುರಾ ಒಂದನ್ನು ಎತ್ತಿಕೊಂಡಳು. ಅದು ಅವಳ ಬೆರಳ ತುದಿ ಹುಡುಕಿ ಚೀಪತೊಡಗಿತು. ಅವಳು ಅದನ್ನು ಹಾಗೇ ಹಿಡಿದುಕೊಂಡು ನಿಂತಳು. ಮುಗುರೆ ಮೆಲ್ಲಗೆ ಅವಳ ಅಂಗೈಯಿಂದ ಅದನ್ನು ಬಿಡಿಸಿಕೊಂಡಳು.

"ಆ ಕಡೆ ತಿರುಗು."

ವಂಬುರಾ ತಿರುಗಲಿಲ್ಲ. ಮುಗುರೆ ಪ್ರತಿಯೊಂದನ್ನೂ ಮೊದಲು ಎರಡೂ ಕೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿದಳು. ಕುಂಯ್‌ಗುಡುವುದು ನಿಂತ ಮೇಲೆ ಕುತ್ತಿಗೆಯ ಹಿಂದೆ ಹೆಬ್ಬೆರಳಿಟ್ಟಳು. ಒಂದಕ್ಕೂ ಎರಡನೆಯ ಸಲ ಒತ್ತಬೇಕಾಗಲಿಲ್ಲ. ಮುಗಿದದ್ದನ್ನು ವಂಬುರಾ ಇಸಿದುಕೊಂಡು ಕೆಳಗೆ ತಾಯಂದಿರ ಪಕ್ಕಕ್ಕೆ ಇಡುತ್ತ ಹೋದಳು. ಯಾವುದು ಯಾರದೆಂದು ನೋಡದೆ ಎಲ್ಲಿ ಜಾಗವಿತ್ತೋ ಅಲ್ಲಿಗೆ. ಆಮೇಲೆ ಸುಣ್ಣ. ಆಮೇಲೆ ಮಣ್ಣು.

ಬಿಸಿಲು ಬೆಟ್ಟದ ಮೇಲೆ ಬಂದಿತ್ತು. ವಂಬುರಾ ಒಳಗೆ ಹೋಗಿ ಒಲೆ ಹೊತ್ತಿಸಿದಳು, ಹಾಲು ಹಾಕಿದ ಟೀ ಕುದಿಯುವ ವಾಸನೆ ಬಂತು. ಗುಂಡಿ ತೋಡಲು ಬಂದವರನ್ನು ಟೀ ಕೊಡದೆ ಕಳಿಸುವುದು ಆ ದಿಣ್ಣೆಯಲ್ಲಿ ಇರಲಿಲ್ಲ. ವಂಬುರಾ ಒಳಗಿನಿಂದ ಒಂದು ಜಗ್ಗಿನಲ್ಲಿ ಬಿಸಿನೀರು, ಸೋಪು ತಂದಳು. ಮುಗುರೆ ಕೈಯೊಡ್ಡಿದಳು. ವಂಬುರಾ ನೀರು ಹೊಯ್ದಳು, ಅವಳು ತೊಳೆದಳು. ಉಗುರಿನ ಸಂದಿಯ ಸುಣ್ಣ ಹೋಗುವವರೆಗೆ, ಜಗ್ಗಿನ ಕೊನೆಯ ಹನಿಯವರೆಗೆ ಹೊಯ್ದಳು.

"ಹೋಗು ಅತ್ತಿಗೆ," ಎಂದಳು ವಂಬುರಾ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಗುರೆ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು.