ಪಿಳ್ಳಮ್ಮನ ಗಾಡಿ ಹಡಗು ಹತ್ತಿದ್ದು

ಚಾಮರಾಜಪೇಟೆಯ ಐದನೇ ಮೇನಿನಲ್ಲಿ ದೊಡ್ಡಬೈರಪ್ಪನವರಿಗೆ ಕೈ ಮುಗಿಯದೆ ದಾಟಿ ಹೋಗುವವರು ಇರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಶಾಮಿಯಾನ ಹಾಕಿಸುವವರು ಅವರು. ಯಾರ ಮಗುವಿಗೆ ಸ್ಕೂಲ್ ಸೀಟು ಸಿಗದಿದ್ದರೂ ತಾವೇ ಎದ್ದು ಓಡಾಡುವವರು ಅವರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಇದೆಯಲ್ಲ, ಅದನ್ನು ಅವರ ಹೆಂಡತಿ ಪಿಳ್ಳಮ್ಮ ಬೆನ್ನ ಮೇಲೆ ಹೊತ್ತಿದ್ದಳು. ನಲವತ್ತನಾಲ್ಕು ವರ್ಷ. ಸಾರಿಗೆ ಉಪ್ಪು ಹೆಚ್ಚಾದರೆ ಒಂದೇಟು, ಕಮ್ಮಿಯಾದರೆ ಎರಡು, ಸರಿಯಾಗಿದ್ದರೆ "ದಿನಾ ಹಿಂಗ್ ಮಾಡಕ್ಕೇನು ರೋಗ ನಿಂಗೆ" ಅಂತ ಇನ್ನೊಂದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಆ ಮಾತು ಕಟ್ಟಿದವನು ಗಂಡನೇ ಇರಬೇಕು. ಹೆಂಡತಿಯಾಗಿದ್ದರೆ, ಉಂಡ ಮೇಲೆ ಯಾವ ಮಗ್ಗುಲಿಗೆ ಮಲಗಿದರೆ ನೋವು ಕಮ್ಮಿ ಅನ್ನುವುದನ್ನೂ ಗಾದೆಯಲ್ಲಿ ಸೇರಿಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಮುದ್ದೆ ಗಂಟುಗಂಟಾಯಿತು. ಬೈರಪ್ಪ ತಟ್ಟೆಯಿಂದ ಎದ್ದು ಅಡುಗೆಮನೆಗೆ ಬಂದು ಮುದ್ದೆ ಕೋಲನ್ನೇ ತೆಗೆದುಕೊಂಡು ಅವಳ ಬಲಮಂಡಿಗೆ ಬೀಸಿದರು. ಚಿಪ್ಪು ಒಡೆದ ಸದ್ದು ಪಕ್ಕದ ಮನೆಗೂ ಕೇಳಿತ್ತು. ಆದರೂ ಡಾಕ್ಟರ ಮುಂದೆ ಪಿಳ್ಳಮ್ಮ, "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದಳು. ಅವಳು ಸುಳ್ಳಿನಲ್ಲಿ ಪಳಗಿದವಳು. ಕೆನ್ನೆ ಊದಿದರೆ ಹಲ್ಲುನೋವು, ಕಣ್ಣು ಕಪ್ಪಾದರೆ ಬೀರುವಿನ ಬಾಗಿಲು ಬಡಿಯಿತು. ಡಾಕ್ಟರಿಗೆ, ನೆಂಟರಿಗೆ, ಹೂವಿನವಳಿಗೆ, ಕೊನೆಗೆ ಹೆತ್ತ ಮಗಳಿಗೂ ಸುಳ್ಳು ಹೇಳಿದ್ದಳು. ದೇವರೆದುರಿಗೆ ಮಾತ್ರ ಹೇಳಿರಲಿಲ್ಲ. ಬೀದಿ ಕೊನೆಯ ಗಣೇಶನ ಗುಡಿಗೆ ಹೋದರೆ ಸುಮ್ಮನೆ ಕೈ ಮುಗಿದು ನಿಂತು ಬರುತ್ತಿದ್ದಳು. ಬಾಯಿ ಬಿಟ್ಟರೆ ತಾನೆ ಸುಳ್ಳು ಬರುವುದು?

ಸುಳ್ಳಿನ ಜೊತೆ ಇನ್ನೊಂದು ಅಭ್ಯಾಸವೂ ಅಂಟಿತ್ತು. ಎದುರಿಗಿದ್ದ ಗಂಡಸು ಕೈ ಎತ್ತಿದರೆ ಸಾಕು, ಅವನು ಫ್ಯಾನಿನ ಧೂಳು ಹೊಡೆಯುವವನೇ ಆಗಿರಲಿ, ಬಸ್ಸಿನ ಕಂಬಿ ಹಿಡಿಯುವವನೇ ಆಗಿರಲಿ, ಪಿಳ್ಳಮ್ಮನ ಎಡಗೈ ತಾನಾಗಿಯೇ ಮುಖಕ್ಕೆ ಅಡ್ಡ ಬರುತ್ತಿತ್ತು.

ಮಲ್ಲೇಶ್ವರಂನಲ್ಲಿದ್ದ ಮಗಳು ಬಿಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮದುವೆ ಬೇಡ ಅಂದವಳು. ಯಾಕೆ ಬೇಡ ಅಂತ ತಾಯಿ ಯಾವತ್ತೂ ಕೇಳಲಿಲ್ಲ. ಮಂಡಿ ಒಡೆದ ಹನ್ನೊಂದು ವರ್ಷಕ್ಕೆ ಅವಳೇ ಅಮ್ಮನಿಗೆ ನಾಲ್ಕು ಚಕ್ರದ ಬ್ಯಾಟರಿ ಗಾಡಿ ತಂದಳು. ಕೂತುಕೊಂಡು, ಹ್ಯಾಂಡಲ್ ಕೆಳಗಿನ ಲಿವರನ್ನು ಬಲ ಹೆಬ್ಬೆರಳಿನಿಂದ ಒತ್ತಿದರೆ ಮುಂದಕ್ಕೆ, ಎಡದ್ದನ್ನು ಒತ್ತಿದರೆ ಹಿಂದಕ್ಕೆ. ಕೈ ಬಿಟ್ಟರೆ ನಿಂತಲ್ಲೇ ಬ್ರೇಕ್ ಹಿಡಿದುಬಿಡುತ್ತದೆ, ನೂಕಿದರೂ ಅಲ್ಲಾಡುವುದಿಲ್ಲ. ವೇಗಕ್ಕೆ ಒಂದು ತಿರುಗಣೆ. ಅದರ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ್ದು.

ಗಾಡಿ ಬಂದ ತಿಂಗಳಿಗೇ ಬಿಂದು ಹೇಳಿದಳು: "ಅಮ್ಮಾ, ಮುಂಬೈಯಿಂದ ಒಂದು ಹಡಗು ಹೋಗುತ್ತೆ, ಐದು ದಿನ. ನಾವಿಬ್ರೇ. ಗಾಡೀನೂ ಹತ್ತಿಸ್ತಾರೆ. ಅಪ್ಪಂಗೆ ಹೇಳ್ಬೇಡ, ನನ್ ಮನೇಲಿ ಒಂದ್ವಾರ ಇರ್ತೀಯ ಅಂತ ಹೇಳಿದೀನಿ."

ಪಿಳ್ಳಮ್ಮ ಸಮುದ್ರ ನೋಡಿದವಳಲ್ಲ, ನೋಡಬೇಕೆಂಬ ಆಸೆಯೂ ಅವಳಿಗಿರಲಿಲ್ಲ. ಅವಳು ಕೇಳಿದ್ದು ಒಂದೇ: "ಅಲ್ಲಿಗೆ ಅವ್ರು ಬರಕ್ಕಾಗಲ್ವಾ?"

"ನೀರಿನ ಮೇಲೆ ಹೆಂಗಮ್ಮ ಬರ್ತಾರೆ?"

ಆವತ್ತಿನಿಂದ ಆ ಐದು ದಿನ ಅವಳ ಮನಸ್ಸಿನಲ್ಲೇ ಕೂತವು. ಹಡಗಿನವರು ಗಾಡಿಯ ಅಗಲ ಕೇಳಿದರು, ಬ್ಯಾಟರಿಯ ಕಾಗದ ಕೇಳಿದರು. ಗಾಡಿಯನ್ನು ರೂಮಿನ ಒಳಗೇ ಇಟ್ಟುಕೊಳ್ಳಬೇಕು, ಓಡಾಡುವ ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ ಅಂದರು. ಬಿಂದು ಹೊಲಿಗೆಯ ಟೇಪು ಹಿಡಿದು ಅಳೆಯುತ್ತಿದ್ದರೆ ಪಿಳ್ಳಮ್ಮ ಉಸಿರು ಬಿಗಿ ಹಿಡಿದು ನೋಡುತ್ತಿದ್ದಳು. ಹಡಗಿನವರು ಹೇಳಿದ ರೂಮಿನ ಬಾಗಿಲಿಗಿಂತ ಗಾಡಿ ನಾಲ್ಕು ಬೆರಳು ಸಣ್ಣದಿತ್ತು.

ಎಲ್ಲ ಸರಿ ಹೋಗುತ್ತಿತ್ತು. ಆದರೆ ಹೊಸ ಗಾಡಿ ಪೂಜೆಯಿಲ್ಲದೆ ದೂರ ಹೊರಡಬಾರದು ಅಂತ ಪಿಳ್ಳಮ್ಮ ಹಟ ಹಿಡಿದಳು. ಮಕ್ಕಳ ಸೈಕಲ್ಲಿಗೂ ನಿಂಬೆಹಣ್ಣು ಇಡುವ ಊರು ಇದು; ನೀರಿನ ಮೇಲೆ ಹೋಗುವ ಗಾಡಿಗೆ ಇಡದಿದ್ದರೆ ಹೇಗೆ? ಬಿಂದು ಬೇಡ ಅಂತ ಬೇಡಿಕೊಂಡಳು. ಯಜಮಾನರಿಲ್ಲದೆ ಪೂಜೆ ಮಾಡಿಸಿದರೆ ಜನ ಏನನ್ನುತ್ತಾರೆ ಅಂತ ತಾಯಿ ಅವರನ್ನೂ ಕರೆದಳು. ತಾನೇ ಹೋಗಿ ಗುಂಡಿಗೆ ಬಿದ್ದಳು ಅನ್ನಿ.

ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಬೆಳಗ್ಗೆ ಗುಡಿಯ ಮುಂದೆ ಗಾಡಿ ನಿಂತಿತು. ಅರಿಶಿನ ಕುಂಕುಮ, ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೈರಪ್ಪನವರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ದೃಷ್ಟಿ ತೆಗೆಯುವ ಬೂದುಗುಂಬಳ ಹಿಡಿದು, ಹೋಗಿಬರುವವರಿಗೆಲ್ಲ ತಲೆಯಾಡಿಸುತ್ತ ನಿಂತಿದ್ದರು. ಎಳನೀರಿನ ಶೀನಣ್ಣ ಮಚ್ಚನ್ನು ತನ್ನ ತಳ್ಳುಗಾಡಿಯ ಮೇಲಿಟ್ಟು ಪೂಜೆ ನೋಡುತ್ತಿದ್ದ. ಅರ್ಚಕರು ಹೆಸರು ಗೋತ್ರ ಕೇಳಿ, ಸೀಟಿನ ಮೇಲೆ ಕೂತಿದ್ದ ಪಿಳ್ಳಮ್ಮನ ಕಡೆ ತಿರುಗಿದರು.

"ದೂರ ಪ್ರಯಾಣ ಏನಾದ್ರೂ ಇದ್ಯಾಮ್ಮ? ಇದ್ರೆ ಸಂಕಲ್ಪಕ್ಕೆ ಸೇರಿಸ್ತೀನಿ."

ಒಳಗೆ ಗಣೇಶ ಎದುರಿಗೇ ಕೂತಿದ್ದ. ಬಿಂದು ಬೇಡ ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದಳು. ಮಲ್ಲೇಶ್ವರಂ ಅಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಪಿಳ್ಳಮ್ಮನ ನಾಲಿಗೆ ಸುಳ್ಳಿಗೆ ತಿರುಗಲಿಲ್ಲ.

"ಸಮುದ್ರದ ಮೇಲೆ ಹೋಯ್ತೀನಿ ಸ್ವಾಮಿ. ನಾನೂ ನನ್ ಮಗಳೂ."

ಬೈರಪ್ಪ ಕುಂಬಳಕಾಯಿಯನ್ನು ಮೆಟ್ಟಿಲ ಮೇಲೆ ಇಟ್ಟರು. ನಿಧಾನವಾಗಿಯೇ ಬಂದರು. ಹೊಡೆತ ಮಾತ್ರ ನಿಧಾನವಾಗಿರಲಿಲ್ಲ. ಅವಳ ಎಡಗೈ ಮೇಲೇಳುವಷ್ಟರಲ್ಲಿ ಮುಷ್ಟಿ ಬಾಯಿಗೆ ಬಿದ್ದು ತುಟಿ ಸೀಳಿತು, ಮುಂದಿನ ಹಲ್ಲೊಂದು ಅಲ್ಲಾಡಿತು. ನಲವತ್ತನಾಲ್ಕು ವರ್ಷ ಬಾಗಿಲ ಹಿಂದೆ ನಡೆದದ್ದು ಅವತ್ತು ಬೀದಿಗೆ ಬಂತು. ಅಡ್ಡ ಬಂದ ಬಿಂದುವಿನ ಕೂದಲು ಹಿಡಿದು ಅವಳನ್ನು ಗುಡಿಯ ಕಟ್ಟೆಗೆ ನೂಕಿದರು. ಅವಳ ಹಣೆ ಕಲ್ಲಿಗೆ ಬಡಿಯಿತು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಒಳಗೆ ಸರಿದರು. ಬೀದಿಯವರು ನಿಂತು ನೋಡಿದರು. ದೊಡ್ಡವರ ಮನೆ ವಿಷಯವಲ್ಲವೇ!

"ನಂಗೇ ಸುಳ್ಳು ಹೇಳ್ತೀರೇನ್ರೇ ಇಬ್ರೂ?" ಬೈರಪ್ಪ ಶೀನಣ್ಣನ ಮಚ್ಚು ಎತ್ತಿಕೊಂಡರು. ಮೊದಲ ಏಟಿಗೆ ಗಾಡಿಯ ಕನ್ನಡಿ ಹಾರಿತು, ಎರಡನೆಯದಕ್ಕೆ ಮುಂದಿನ ಬುಟ್ಟಿ. ಆಮೇಲೆ ಗಾಡಿಯ ಮುಂದೆ ಬಂದು ಕಾಲು ಅಗಲಿಸಿ ನಿಂತು ಮಚ್ಚು ಮೇಲಕ್ಕೆತ್ತಿದರು. "ಹಡಗು ಹತ್ತುತೀಯಾ? ಹತ್ತು. ಮೊದ್ಲು ನನ್ ಮೇಲ್ ಹತ್ತಿಸ್ಕೊಂಡ್ ಹೋಗು. ಇದ್ಯೇನೇ ಧೈರ್ಯ?"

ಬಾಯಲ್ಲಿ ತುಂಬಿದ ರಕ್ತವನ್ನು ಪಿಳ್ಳಮ್ಮ ಉಗಿದಳು. ತಿರುಗಣೆಯನ್ನು ಮೊಲದ ಕಡೆಗೆ ತಿರುಗಿಸಿ ಲಿವರ್ ಒತ್ತಿದಳು.

ನಾಲ್ಕು ನಿಂಬೆಹಣ್ಣೂ ಪಟಪಟ ಒಡೆದವು. ಆಮೇಲೆ ಒಡೆದದ್ದು ಬೈರಪ್ಪನ ಬಲಪಾದ. ಅವರು ಹಿಂದಕ್ಕೆ ಬಿದ್ದರು, ಮಚ್ಚು ಚರಂಡಿಗೆ ಹಾರಿತು. ಪಿಳ್ಳಮ್ಮ ಕೈ ಬಿಟ್ಟಳು. ಕೈ ಬಿಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ ಅಂದೆನಲ್ಲ, ಅದು ಅವರ ಪಾದದ ಮೇಲೇ ನಿಂತುಕೊಂಡಿತು. ಗಾಡಿಯ ತೂಕ, ಬ್ಯಾಟರಿಯ ತೂಕ, ಮೇಲೆ ಪಿಳ್ಳಮ್ಮ.

"ತೆಗಿಯೇ! ಅಯ್ಯೋ, ತೆಗಿಯೇ ಪಿಳ್ಳಿ! ನಿನ್ ಕಾಲಿಗ್ ಬೀಳ್ತೀನಿ!"

ಎಡಗಡೆಯ ಲಿವರ್ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಗಂಡ ಕಿರುಚುವುದನ್ನು ಕೇಳಿದಳು. ಸುಖವಾಯಿತು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಅವಳಿಗೆ ಮೈಯೆಲ್ಲ ಸುಖವಾಯಿತು. ಕೊನೆಗೆ ಶೀನಣ್ಣ ಇನ್ನಿಬ್ಬರನ್ನು ಕರೆದು, ಅವಳ ಸಮೇತ ಗಾಡಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಹಿಂದಕ್ ತಗೋಬಾರ್ದಾ ಅಮ್ಮ?" ಅಂತ ಶೀನಣ್ಣ ಏದುಸಿರು ಬಿಡುತ್ತ ಕೇಳಿದ.

"ಹೆಂಗೋ ಏನೋ, ನಂಗ್ ಗೊತ್ತಾಗ್ನಿಲ್ಲಪ್ಪ" ಅಂದಳು ಪಿಳ್ಳಮ್ಮ. ಆಮೇಲೆ ತಲೆಯೆತ್ತಿ ನೋಡಿದರೆ ಗಣೇಶ ಎದುರಿಗೇ ಇದ್ದ.

ಆಸ್ಪತ್ರೆಯಲ್ಲಿ ಪಾದದ ಮೂರು ಮೂಳೆ ಮುರಿದಿವೆ ಅಂದರು. ಹೇಗಾಯಿತು ಅಂತ ಡಾಕ್ಟರು ಕೇಳಿದಾಗ ಬೈರಪ್ಪ ಗೋಡೆ ನೋಡುತ್ತ, "ಮೆಟ್ಟಿಲಲ್ಲಿ ಜಾರಿ ಬಿದ್ದೆ" ಅಂದರು. ಹೆಂಡತಿ ಮುರಿದಳು ಅಂತ ಯಾವ ಬಾಯಲ್ಲಿ ಹೇಳುತ್ತಾರೆ? ಪಕ್ಕದಲ್ಲಿ ನಿಂತಿದ್ದ ಪಿಳ್ಳಮ್ಮ ತನ್ನ ಮಾತೇ ಇನ್ನೊಬ್ಬರ ಬಾಯಲ್ಲಿ ಬಂದದ್ದು ಕೇಳಿದಳು.

ಬೈರಪ್ಪನ ತಮ್ಮ ಶಶಿಕುಮಾರ್ ಓಡಿ ಬಂದ. "ಅತ್ತಿಗೆ, ಅಣ್ಣ ಈ ಸ್ಥಿತೀಲಿರುವಾಗ ಹಡಗು ಗಿಡಗು ಅಂತ ಹೋಗೋದು ಸರೀನಾ? ಬೀದಿ ಜನ ಏನಂದಾರು?"

"ಬೀದಿ ಜನ ನಿಂತ್ಕೊಂಡ್ ನೋಡ್ತಾರೆ ಶಶಿ. ಅವ್ರಿಗೆ ಅಷ್ಟೇ ಬರೋದು."

ಹಾಸಿಗೆಯಿಂದ ಬೈರಪ್ಪ ಹೇಳಿದರು: "ಹೋಗೋಳು ಹೋಗ್ಲಿ. ಗಾಡಿ ಇಲ್ಲೇ ಬಿಟ್ಟೋಗ್ಲಿ. ನಂಗ್ ಓಡಾಡಕ್ಕೆ ಬೇಕು."

"ಗಾಡಿ ನನ್ ಜೊತೆ ಬತ್ತದೆ. ನೀವು ಗೋಡೆ ಹಿಡ್ಕೊಂಡ್ ನಡೀರಿ. ನಾನೂ ಹನ್ನೊಂದ್ ವರ್ಷ ಹಂಗೇ ನಡ್ದಿದ್ದು."

ಹಾಗಂದು ಅವಳು ಮಂಚದ ಆಚೆ ಇದ್ದ ಫ್ಲಾಸ್ಕ್ ತೆಗೆದುಕೊಳ್ಳಲು ಅವರ ತಲೆಯ ಮೇಲಿಂದ ಕೈ ಚಾಚಿದಳು. ಬೈರಪ್ಪನ ಎಡಗೈ ಸರಕ್ಕನೆ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಇಬ್ಬರೂ ಆ ಕೈಯನ್ನು ನೋಡಿದರು. ಪಿಳ್ಳಮ್ಮ ಫ್ಲಾಸ್ಕಿನಿಂದ ನೀರು ಬಗ್ಗಿಸಿಟ್ಟು ಹೊರಗೆ ಬಂದಳು.

ಕನ್ನಡಿಯೂ ಬುಟ್ಟಿಯೂ ಇಲ್ಲದ ಗಾಡಿ ರೈಲಿನಲ್ಲಿ ಮುಂಬೈಗೆ ಹೋಯಿತು, ಬ್ಯಾಟರಿಯ ಕಾಗದ ತೋರಿಸಿ ಹಡಗನ್ನೂ ಹತ್ತಿತು. ರೂಮಿನ ಬಾಗಿಲಲ್ಲಿ ಎರಡು ಕಡೆಯೂ ಎರಡೆರಡು ಬೆರಳು ಜಾಗ ಬಿಟ್ಟು ಒಳಗೆ ಹೋಯಿತು. ಬಿಂದುವಿನ ಹಣೆಗೆ ಪಟ್ಟಿ, ತಾಯಿಯ ತುಟಿಗೆ ಹೊಲಿಗೆ. ಬುಫೆಯಲ್ಲಿ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಹಡಗಿನ ಆಫೀಸರು ಮೊದಲ ದಿನವೇ ಖಡಕ್ಕಾಗಿ ಹೇಳಿದ್ದ: ಒಳಗೆಲ್ಲ ನಿಧಾನ, ಯಾರಿಗಾದರೂ ತಾಗಿಸಿದರೆ ಊರು ತಲುಪುವವರೆಗೆ ಗಾಡಿ ಗೋಡೌನಿಗೆ. ಬಿಂದು ಅದನ್ನೇ ಜಪ ಮಾಡುತ್ತಿದ್ದಳು: "ಅಮ್ಮಾ, ಯಾವಾಗ್ಲೂ ಆಮೆ."

ಮೂರನೆಯ ದಿನ ಬೆಳಗ್ಗೆ ಮೇಲಿನ ಡೆಕ್ಕಿನಲ್ಲಿ ಯಾರೂ ಇರಲಿಲ್ಲ. ನಾಲ್ಕೂ ಕಡೆ ನೀರು. ಇಲ್ಲಿಗೆ ಅವರು ಬರಲಾರರು ಅನ್ನುವುದು ಆಗ ಅವಳ ಮೈಗೆ ತಿಳಿಯಿತು. ಪಿಳ್ಳಮ್ಮ ಮೊಲಕ್ಕೆ ತಿರುಗಿಸಿ ಉದ್ದಕ್ಕೂ ಓಡಿಸಿದಳು. ಸೆರಗು ಹಾರಿತು. ಒಬ್ಬಳೇ ನಕ್ಕಳು, ಹೊಲಿಗೆ ಹಾಕಿದ ತುಟಿ ಉರಿದರೂ ನಕ್ಕಳು.

ಅದೇ ಖುಷಿಯಲ್ಲಿ ಮಗಳ ಜೊತೆ ಲಿಫ್ಟಿನ ಹತ್ತಿರ ಬಂದಳು. ತಿರುಗಣೆ ಮೊಲದಲ್ಲೇ ಇತ್ತು. ಒಳಗೆ ಮಲ್ಲೇಶ್ವರದ ಯೋಗಾನಂದ ಅನ್ನುವವರು, ಎಪ್ಪತ್ತು ದಾಟಿದ ಮನುಷ್ಯರು, ನಿಂತಿದ್ದರು. ನಿನ್ನೆ ಊಟಕ್ಕೆ ಅದೇ ಟೇಬಲ್ಲಿನಲ್ಲಿ ಕೂತು ಅವಳಿಗೆ ಮೊಸರನ್ನ ಎಲ್ಲಿದೆ ಅಂತ ತೋರಿಸಿದವರು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. "ಬನ್ನಿ ಅಮ್ಮಾ, ಬನ್ನಿ" ಅನ್ನುತ್ತ ಅದನ್ನು ತಡೆಯಲು ಅವರು ಕೈ ಎತ್ತಿದರು.

ಪಿಳ್ಳಮ್ಮನ ಎಡಗೈ ಮುಖಕ್ಕೆ ಬರಲಿಲ್ಲ. ಬದಲಿಗೆ ಬಲಗೈಯ ಹೆಬ್ಬೆರಳು ಒತ್ತಿತು.

ಗಾಡಿ ನೆಗೆದು ಒಳಗೆ ನುಗ್ಗಿ ಅವರ ಮೊಣಕಾಲಿನ ಕೆಳಗೆ ಅಪ್ಪಳಿಸಿತು. ಕಾಲು ಗಾಡಿಗೂ ಉಕ್ಕಿನ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಅವಳ ಕೈ ಬಿಟ್ಟಿತು, ಬ್ರೇಕ್ ಹಿಡಿಯಿತು. ಯೋಗಾನಂದರು ಕಿರುಚಿದರು. ಅದೇ ಕಿರುಚಾಟ. ಈ ಸಲ ಸುಖವಾಗಲಿಲ್ಲ. ಪಿಳ್ಳಮ್ಮ ಎಡಗಡೆಯ ಲಿವರ್ ಒತ್ತಿದಳು, ಗಾಡಿ ಹಿಂದಕ್ಕೆ ಬಂತು. ಅವರ ಬಿಳಿ ಪೈಜಾಮದ ಮೇಲೆ ರಕ್ತ ಹರಡುತ್ತಿತ್ತು.

ಆಫೀಸರು ಓಡಿ ಬಂದು ಇಂಗ್ಲಿಷಿನಲ್ಲಿ ಕೇಳತೊಡಗಿದ. ಬಿಂದು ಅವಸರವಾಗಿ, ಗಾಡಿ ಹೊಸದು, ಅಮ್ಮನಿಗೆ ಗೊತ್ತಾಗಲಿಲ್ಲ ಅಂತ ಅವನಿಗೆ ವಿವರಿಸಿದಳು. ನೆಲದ ಮೇಲೆ ಕೂತಿದ್ದ ಯೋಗಾನಂದರೂ ನೋವಿನಲ್ಲೇ ಕೈಯಾಡಿಸಿದರು. "ಬಿಡಿ, ಪರವಾಗಿಲ್ಲ. ಗೊತ್ತಾಗ್ದೆ ಆಗಿರೋದು. ಅಲ್ವಾ ಅಮ್ಮ?"

ಹೂಂ ಅಂದರೆ ಸಾಕಿತ್ತು. ಗಾಡಿ ಉಳಿಯುತ್ತಿತ್ತು, ಡೆಕ್ಕು ಉಳಿಯುತ್ತಿತ್ತು, ಇನ್ನೆರಡು ದಿನ ಉಳಿಯುತ್ತಿತ್ತು. ಪಿಳ್ಳಮ್ಮ ಕೀ ತೆಗೆದು ಆಫೀಸರ ಕೈಗಿಟ್ಟಳು. ಗೋಡೆ ಹಿಡಿದು ಸೀಟಿನಿಂದ ಇಳಿದಳು, ಮಂಡಿ ಮಡಚಲಾಗದೆ ಕಾಲು ನೀಡಿಕೊಂಡು ಯೋಗಾನಂದರ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಗೊತ್ತಿತ್ತು ಸ್ವಾಮಿ. ನೀವು ಕೈ ಎತ್ತಿದ್ರಿ. ನಾನ್ ಹೊಡ್ದೆ."

ಅವರು ಅವಳ ಮುಖವನ್ನೇ ನೋಡಿದರು. ಹೊಲಿಗೆ ಹಾಕಿದ ತುಟಿ ನೋಡಿದರು, ಬಿಂದುವಿನ ಹಣೆ ನೋಡಿದರು. ಎತ್ತಿದ್ದ ಕೈಯನ್ನು ಮೆಲ್ಲಗೆ ತಂದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಯಾರು ಹೊಡೀತಿದ್ರಮ್ಮ ನಿಮ್ಗೆ?"

ನಲವತ್ತನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಬಚ್ಚಲು, ಬೀರು, ಹಲ್ಲುನೋವು, ಎಲ್ಲವೂ ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದು ನಿಂತವು. ಪಿಳ್ಳಮ್ಮ ಅವನ್ನೆಲ್ಲ ನುಂಗಿಕೊಂಡಳು.

"ನನ್ ಗಂಡ" ಅಂದಳು.