ಕೆಂಪೆಣ್ಣೆ

"ನಂದೇ ತಪ್ಪು ಕಣೋ," ಎಂದಳು ಅಕ್ಕ, ಇನ್ನೂ ಕಾರಿನಿಂದ ಇಳಿಯುವ ಮೊದಲೇ. ಟೋಯಿಂಗ್ ಲಾರಿಯವನು ಕಾರನ್ನು ಗ್ಯಾರೇಜಿನ ಬಾಗಿಲಲ್ಲಿ ಇಳಿಸಿ ಹೋಗಿದ್ದ. ಒಳಕ್ಕೆ ತಳ್ಳುವಾಗ ಸ್ಟಿಯರಿಂಗ್ ಹಿಡಿಯಲೆಂದು ಕೂತವಳು ಕಾರು ನಿಂತ ಮೇಲೂ ಎರಡು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. "ಏರಿನಲ್ಲಿ ಎಲ್ಲಿ ಒತ್ತಿದೆನೋ ಏನೋ. ಇಂಜಿನ್ ಕೂಗ್ತಾ ಇದೆ, ಗಾಡಿ ಮುಂದಕ್ಕೆ ಹೋಗ್ತಾನೇ ಇಲ್ಲ. ಆಮೇಲೆ ಹಿಂದಕ್ಕೆ ಜಾರಿತು. ಹಿಂದೆ ಸ್ಕೂಲ್ ಬಸ್ಸು, ಕೂದಲೆಳೇಲಿ ತಪ್ಪಿತು."

ಗ್ಯಾರೇಜಿನ ಮೇಸ್ತ್ರಿಯಾದ ತಮ್ಮನಿಗೆ ಅಲ್ಲಿಯೇ ಗೊತ್ತಾಯಿತು. ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ ಎಂಬ ಎರಡು ಮಾತೇ ಸಾಕಾಯಿತು. ಅವನು ಬಗ್ಗಿ ಟೈರು ನೋಡುವವನಂತೆ ಮುಖ ಮರೆಸಿಕೊಂಡ.

ಬಾವ ಹಿಂದೆಯೇ ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕದ ಪಾಠ ಮಾಡಿದ ಮನುಷ್ಯ; ಯಾವ ಪ್ರಶ್ನೆಗಾದರೂ ಉತ್ತರ ಒಂದೇ ಇರಬೇಕು ಅವರಿಗೆ. ಹೆಂಡತಿ ಕಾರು ಕಲಿಯುತ್ತೇನೆ ಎಂದ ದಿನದಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

"ನೀನೇ ಹೇಳಪ್ಪ. ತಪ್ಪು ಗಾಡೀದಾ, ಓಡಿಸಿದೋರದಾ?"

"ನೋಡ್ತೀನಿ ಬಾವ."

"ನೋಡೋದಿರಲಿ. ಕಿವಿ ಮೇಸ್ತ್ರಿ ಅಂತಾರೆ ನಿನ್ನನ್ನ. ಕೇಳಿದ ಕೂಡಲೇ ಹೇಳೋನು ನೀನು. ಏನನ್ಸತ್ತೆ?"

ಪಕ್ಕದ ಗಾಡಿಯ ಗಿರಾಕಿಯೂ ಇತ್ತ ನೋಡುತ್ತಿದ್ದ. ಮೇಸ್ತ್ರಿ ಕೈಯ ಬಟ್ಟೆಯನ್ನು ಈ ಕೈಯಿಂದ ಆ ಕೈಗೆ ಮಾಡಿದ. "ಓಡಿಸೋ ರೀತೀನೂ ಒಂಚೂರು ಇರತ್ತೆ," ಎಂದುಬಿಟ್ಟ.

ಅಕ್ಕ ತಲೆಯಾಡಿಸಿದಳು, ಅದು ತನಗೆ ಗೊತ್ತೇ ಇತ್ತು ಎನ್ನುವ ಹಾಗೆ. ಬಾವ ಅಂಗೈ ಚಾಚಿದರು. ಅವಳು ಕೀಲಿಯನ್ನು ಅದರಲ್ಲಿಟ್ಟು, ಬಾಗಿಲು ಹಿಡಿದು, ಮೊದಲು ಬಲಗಾಲು, ಆಮೇಲೆ ಕಬ್ಬಿಣದ ಪಟ್ಟಿ ಕಟ್ಟಿದ ಎಡಗಾಲು ಇಳಿಸಿ ನಿಂತಳು.

ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಆ ಎಡಗಾಲನ್ನು ಕಡ್ಡಿ ಮಾಡಿ ಹೋಗಿತ್ತು. ಆದರೂ ಅವಳು ನರ್ಸ್ ಆದಳು. ಆಸ್ಪತ್ರೆಯಿಂದ ನಿವೃತ್ತಿ ತೆಗೆದುಕೊಂಡ ಮೇಲೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸ ಹಿಡಿದಳು. ಬಸ್ಸಿಗೆ ಕಾಯುವುದು, ಯಾರನ್ನಾದರೂ ಬಿಟ್ಟುಬರಲು ಕೇಳುವುದು, ಅವರ ಪುರುಸೊತ್ತಿಗೆ ತಲೆಬಾಗುವುದು. ಐವತ್ತೆರಡನೇ ವಯಸ್ಸಿನಲ್ಲಿ ಈ ಆಟೋಮ್ಯಾಟಿಕ್ ಕಾರು ಬಂದಾಗ ಸ್ಟಿಯರಿಂಗಿನ ಕೆಳಗೆ ಇಣುಕಿ ನೋಡಿ ನಕ್ಕಿದ್ದಳು: "ಕ್ಲಚ್ಚೇ ಇಲ್ವಲ್ಲೋ! ಇದಕ್ಕೂ ನನ್ನ ಹಾಗೇ ಎಡಗಾಲಿನ ಕೆಲಸ ಇಲ್ಲ." ಅಂದಿನಿಂದ ದಿನಕ್ಕೆ ಆರು ಮನೆ. ಯಾರ ಹಂಗೂ ಇರಲಿಲ್ಲ.

ಮೂರು ವಾರದ ಹಿಂದೆ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಲು ಅವಳು ಬಂದಾಗ ಕಾರಿನ ಪುಸ್ತಕ ಅವಳ ಕೈಯಲ್ಲಿತ್ತು. ಬೇಕಾದ ಪುಟಕ್ಕೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ಗುರುತು ಹಾಕಿದ್ದಳು. "ಯಾವ ಎಣ್ಣೆ ಅಂತ ಇದರಲ್ಲಿ ಬರ್ದಿದೆ ನೋಡೋ. ನಂಗೆ ಅರ್ಥ ಆಗಲ್ಲ."

ಅಂಗಳದಲ್ಲಿ ಮೂವರು ಗಿರಾಕಿಗಳಿದ್ದರು. ಮೇಸ್ತ್ರಿ ಪುಸ್ತಕ ಮುಟ್ಟಲೂ ಇಲ್ಲ. "ಅಡುಗೆ ಬರದೋರು ಪುಸ್ತಕ ನೋಡ್ತಾರೆ ಅಕ್ಕ." ಎಲ್ಲರೂ ನಕ್ಕರು. ಅವಳೂ ನಕ್ಕು ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿದಳು.

ಶೆಲ್ಫಿನ ಮೇಲೆ ಆಟೋಮ್ಯಾಟಿಕ್ ಗಾಡಿಗಳಿಗೆಂದು ಇಟ್ಟಿದ್ದ ಕೆಂಪೆಣ್ಣೆಯ ಡಬ್ಬಗಳಿದ್ದವು. ಕೆಳಗಿನ ಬೋಲ್ಟು ಬಿಚ್ಚಿದಾಗ ಟ್ರೇಗೆ ಸುರಿದ ಹಳೆಯ ಎಣ್ಣೆ ಕೆಂಪಾಗಿರಲಿಲ್ಲ. ತೆಳ್ಳಗೆ, ಹಳತಾಗಿ ಕಂದಿದ್ದರೂ ಹಸಿರು ಛಾಯೆ. ಅವನು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದ. ಇದು ಬೇರೆ ಜಾತಿ ಎಂದು ಬೆರಳು ಹೇಳಿತು. ಎಣ್ಣೆ ಅಂಗಡಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಖಾನೆ ತೆಗೆದು ಪುಸ್ತಕ ನೋಡಿದ್ದರೂ ಸಾಕಿತ್ತು. ಆದರೆ ಆ ಮೂವರು ಇನ್ನೂ ಅಲ್ಲೇ ನಿಂತಿದ್ದರು, ಈಗಷ್ಟೇ ನಕ್ಕ ಬಾಯಿಗಳೊಂದಿಗೆ. ಅವನು ಕೆಂಪೆಣ್ಣೆಯ ಮುಚ್ಚಳ ತಿರುಗಿಸಿದ.

ತಿಳಿಯದೆ ಮಾಡಿದ್ದಾದರೆ ಹೇಗೋ ಆಗುತ್ತಿತ್ತು. ಅವನು ನೋಡಿ ಮಾಡಿದ್ದ.

ಬಾವ ಕೀಲಿಯನ್ನು ರಿಪೇರಿಗೆಂದು ಅವನಿಗೇ ಬಿಟ್ಟು ಅಕ್ಕನೊಂದಿಗೆ ಹೋದ ಮೇಲೆ ಅವನು ಕನ್ನಡಕ ಹಾಕಿಕೊಂಡು ಪುಸ್ತಕ ತೆಗೆದ. ಬಿಳಿ ಪಟ್ಟಿ ಇನ್ನೂ ಇತ್ತು. ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದ: ಈ ಗೇರ್‌ಬಾಕ್ಸಿಗೆ ಇದೊಂದೇ ಎಣ್ಣೆ, ಬೇರೆ ಯಾವುದನ್ನೂ ಹಾಕಕೂಡದು, ಬೆರೆಸಲೂ ಕೂಡದು. ಎಣ್ಣೆ ಅಂಗಡಿಯ ಹೆಂಗಸಿಗೆ ಫೋನ್ ಮಾಡಿ ಹೆಸರು ಹೇಳಿದ.

"ಇದೆ ಅಣ್ಣ. ಅದರೊಳಗೆ ಹಲ್ಲಿನ ಗೇರ್ ಇರಲ್ಲ, ಉಕ್ಕಿನ ಬೆಲ್ಟ್ ಓಡೋದು. ಬೆಲ್ಟ್ ಹಿಡಿತಕ್ಕೆ ಅಂತಲೇ ಮಾಡಿರೋ ಎಣ್ಣೆ. ಎಷ್ಟು ಬೇಕು?"

ಅವನು ಹೇಳಿದ ಲೀಟರು ಕೇಳಿ ಅವಳು ತಡೆದಳು. "ಅಷ್ಟೊಂದು ಯಾಕೆ? ಯಾರಾದ್ರೂ ಕೆಂಪೆಣ್ಣೆ ಸುರಿದಿದ್ರಾ?"

"ಹೂಂ. ಬೇರೆ ಎಲ್ಲೋ ಮಾಡಿಸಿದಾರೆ."

"ಅಯ್ಯೋ, ಯಾವ ಪುಣ್ಯಾತ್ಮನೋ! ಅವನ ಕೈಗೆ ಸ್ಪ್ಯಾನರ್ ಕೊಟ್ಟೋರ್ಯಾರು? ಸೌಟು ಕೊಡಬೇಕಿತ್ತು."

ಮೇಸ್ತ್ರಿ ಫೋನ್ ಹಿಡಿದುಕೊಂಡು ತಾನೂ ನಕ್ಕ.

ಬೋಲ್ಟು ಬಿಚ್ಚಿದರೆ ಬರುವುದು ಅರ್ಧ ಎಣ್ಣೆಯಷ್ಟೇ. ಉಳಿದದ್ದು ಒಳಗಿನ ಸಂದುಗೊಂದುಗಳಲ್ಲಿ ಕೂತಿರುತ್ತದೆ. ಹಳತನ್ನು ಇಳಿಸಿ, ಹೊಸತು ಹಾಕಿ, ಇಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು ಹಿಡಿದು, ಗೇರಿನ ಹಿಡಿಯನ್ನು ಒಂದೊಂದು ಗುರುತಿನಲ್ಲೂ ನಿಲ್ಲಿಸಿ ತೆಗೆಯಬೇಕು, ಮತ್ತೆ ಇಳಿಸಬೇಕು. ಮೊದಲ ಸಲ ಬಂದದ್ದು ಕೆಸರುಗೆಂಪು. ಎರಡನೇ ಸಲ ಕಂದು. ಲೋಹದ ಚೂರು ಹಿಡಿಯಲೆಂದು ಒಳಗಿಟ್ಟ ಅಯಸ್ಕಾಂತಕ್ಕೆ ಬೆಲ್ಟಿನಿಂದ ಸವೆದ ಉಕ್ಕಿನ ಪುಡಿ ಮೀಸೆಯಂತೆ ಅಂಟಿಕೊಂಡಿತ್ತು. ಒರೆಸಿ ಬೆಳಕಿಗೆ ಹಿಡಿದಾಗ ಬಟ್ಟೆಯ ಮೇಲೆ ಮಿನುಗಿತು. ನಾಲ್ಕನೇ ಸಲಕ್ಕೆ ಹಸಿರು ಹಸಿರಾಗಿಯೇ ಇಳಿಯಿತು. ಎರಡು ದಿನ ಹಿಡಿದ ಈ ಕೆಲಸವನ್ನು ಅವನು ಹಗಲಲ್ಲೇ ಷಟರ್ ಅರ್ಧ ಎಳೆದುಕೊಂಡು ಮಾಡಿದ.

ಮುಗಿಸಿ ಅಕ್ಕನಿಗೆ ಫೋನ್ ಮಾಡಿದ. ಬಸ್ ಸ್ಟಾಪಿನ ಗದ್ದಲ ಕೇಳಿಸಿತು.

"ಇವತ್ತು ಎರಡೇ ಮನೆ ಆಯ್ತು ಕಣೋ. ಬೇಜಾರಿಲ್ಲ ಬಿಡು. ನೀನು ಇದ್ದದ್ದನ್ನೇ ಹೇಳಿದೆ, ಒಳ್ಳೇದಾಯ್ತು. ಬೇರೆ ಯಾರೂ ಹೇಳ್ತಿರಲಿಲ್ಲ."

ಹೇಳಬೇಕೆಂದು ಅವನು ಬಾಯಿ ತೆರೆದ. ಬಸ್ಸು ಬಂತೆಂದು ಅವಳು ಇಟ್ಟುಬಿಟ್ಟಳು. ಬಸ್ಸು ಬಂದದ್ದಕ್ಕೆ ಅವನಿಗೆ ಸಮಾಧಾನವೇ ಆಯಿತು. ಹಾಗೆ ಸಮಾಧಾನವಾದದ್ದು ತಿಳಿದು, ಎದುರಿಗೆ ಯಾರೂ ಇಲ್ಲದಿದ್ದರೂ ಮುಖ ಬಿಸಿಯಾಯಿತು.

ಕಾರು ಮಾರಿಬಿಡುವುದೆಂದು ತೀರ್ಮಾನಿಸಿದ ಬಾವ ಭಾನುವಾರ ಬೆಳಿಗ್ಗೆ ಕೊಳ್ಳುವವರೊಬ್ಬರನ್ನು ಗ್ಯಾರೇಜಿಗೇ ಕರೆತಂದರು. ಹಲ್ಲಿನ ಡಾಕ್ಟರು. ಅಕ್ಕನೂ ಜೊತೆಗಿದ್ದಳು. ಡಾಕ್ಟರು ಒಂದು ಸುತ್ತು ಓಡಿಸಿ ಬಂದು, ಕೀಲಿಯನ್ನು ಬಾವನಿಗೆ ಕೊಟ್ಟು, ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದರು: "ಇಷ್ಟು ಚೆನ್ನಾಗಿಟ್ಟಿದೀರಿ. ಯಾಕೆ ಮಾರ್ತಿದೀರಿ?"

"ಗಾಡಿಗೇನೂ ಆಗಿಲ್ಲ," ಎಂದಳು ಅಕ್ಕ. ಸೆರಗಿನಿಂದ ಕನ್ನಡಿಯ ಮೇಲಿನ ದೂಳು ಒರೆಸುತ್ತಿದ್ದಳು. "ನಂಗೇ ಓಡಿಸಕ್ಕೆ ಬರಲ್ಲ. ಇವನು ನನ್ನ ತಮ್ಮ, ಮೇಸ್ತ್ರಿ. ಇವನೇ ಹೇಳಿದ."

"ಅವಳಿಗೆ ಬರತ್ತೆ," ಎಂದ ಮೇಸ್ತ್ರಿ.

ದನಿ ಎಷ್ಟು ಸಣ್ಣಗಿತ್ತೆಂದರೆ ಬಾವ "ಏನು?" ಎಂದರು.

"ಅವಳಿಗೆ ಓಡಿಸಕ್ಕೆ ಬರತ್ತೆ. ತಪ್ಪು ನಂದು. ಇದಕ್ಕೆ ಹಾಕಬಾರದ ಎಣ್ಣೆ ಹಾಕಿದೆ. ಬಣ್ಣ ನೋಡಿದಾಗ್ಲೇ ಅನುಮಾನ ಬಂದಿತ್ತು, ಆದ್ರೂ ಹಾಕಿದೆ. ಏರಲ್ಲಿ ನಿಂತಿದ್ದು ಅದಕ್ಕೇ. ಈಗ ಸರಿ ಎಣ್ಣೆ ಹಾಕಿದೀನಿ. ಆದ್ರೆ ಬೆಲ್ಟ್ ಸವೆದಿದೆ ಡಾಕ್ಟ್ರೇ, ಅದನ್ನೂ ಹೇಳ್ಬೇಕು."

ಡಾಕ್ಟರು ಮೆಲ್ಲಗೆ ಬಾನೆಟ್ಟಿನಿಂದ ಕೈ ತೆಗೆದರು. ಬೇರೆ ಕೆಲಸವಿದೆಯೆಂದು ಹೇಳಿ ಹೊರಟರು. ಯಾರೂ ತಡೆಯಲಿಲ್ಲ.

"ಅವತ್ತು ನಾನು ಕೇಳಿದ್ನಲ್ಲ?" ಎಂದರು ಬಾವ.

"ಕೇಳಿದ್ರಿ. ಹೇಳಲಿಲ್ಲ."

ಬಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದಷ್ಟೂ ಮುಗಿಯಲಿಲ್ಲ. "ನಾನು ಕೇಳಿದ್ದೂ ಆ ಉತ್ತರ ಬರಲಿ ಅಂತಲೇ," ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ.

ಅಕ್ಕ ಕನ್ನಡಿ ಒರೆಸುವುದನ್ನು ನಿಲ್ಲಿಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಎಣ್ಣೆ ತಪ್ಪೋದು ಯಾರ ಕೈಲಾದ್ರೂ ಆಗತ್ತೆ," ಎಂದಳು. "ನಾನೂ ಒಂದ್ಸಲ ಒಬ್ಬರ ಹುಣ್ಣಿಗೆ ಬೇರೆ ಯಾವುದೋ ಮುಲಾಮು ಹಚ್ಚಿದೀನಿ. ತಕ್ಷಣ ತೊಳೆದು, ತಪ್ಪಾಯ್ತು ಅಂತ ಅವರಿಗೆ ಹೇಳಿದೆ. ಅದಲ್ಲ ಕಣೋ. ಐವತ್ತು ವರ್ಷ ಆಯ್ತು, ಈ ಕಾಲನ್ನ ನಾನು ಒಂದಿನಾನೂ ಬೈದಿರಲಿಲ್ಲ. ಈ ಆರು ದಿನ, ಇದೇ ಎಲ್ಲೋ ಅಡ್ಡ ಬಂತು ಅಂತ ಬೈದೆ."

"ತಪ್ಪಾಯ್ತು ಅಕ್ಕ."

ಅವಳು ಬಾವನ ಮುಂದೆ ಅಂಗೈ ಚಾಚಿದಳು. ಅವರು ಕೀಲಿ ಕೊಟ್ಟರು. ತಮ್ಮನಿಗೆ, "ಹತ್ತು," ಎಂದಳು. "ಹಿಂದಿನ ಸೀಟಿಗೆ."

"ನಾನು?" ಎಂದರು ಬಾವ.

"ನೀವು ಬಸ್ಸಲ್ಲಿ ಬನ್ನಿ. ಹೇಗಿರತ್ತೆ ನೋಡಿ."

ಅವಳು ನಿಧಾನವಾಗಿ, ತಪ್ಪಿಲ್ಲದೆ ಓಡಿಸಿದಳು. ವೇಗ ಇಳಿದಾಗಲೆಲ್ಲ ಕೆಳಗಿನಿಂದ ಸಣ್ಣದೊಂದು ಗರಗರ ಸದ್ದು ಕೇಳುತ್ತಿತ್ತು.

"ಸದ್ದಿದೆ," ಎಂದಳು.

"ಇದೆ. ಅದು ಹೋಗಲ್ಲ."

"ಎಷ್ಟು ದಿನ ಬರತ್ತೆ ಇದು?"

"ಗೊತ್ತಿಲ್ಲ ಅಕ್ಕ."

ಮೂವತ್ತು ವರ್ಷದ ಮೇಸ್ತ್ರಿ ಕೆಲಸದಲ್ಲಿ ಅವನು ಯಾರಿಗೂ ಆ ಮಾತು ಹೇಳಿರಲಿಲ್ಲ. ಅವಳು ಕನ್ನಡಿಯಲ್ಲಿ ಒಮ್ಮೆ ಅವನನ್ನು ನೋಡಿ ಕಣ್ಣನ್ನು ರಸ್ತೆಗೆ ತಿರುಗಿಸಿದಳು.

ಕಾರು ಒಂದು ಓಣಿಯ ಕೊನೆಯ ಮನೆಯ ಮುಂದೆ ನಿಂತಿತು. ಅವನು ಅವಳ ಚೀಲ ಹೊತ್ತುಕೊಂಡು ಹಿಂದೆ ನಡೆದ. ಬಾಗಿಲು ತೆಗೆದ ಮುದುಕಿ, "ಬಂದ್ಯಾ ತಾಯಿ! ನಾಲ್ಕು ದಿನದಿಂದ ಪಟ್ಟಿ ಬಿಚ್ಚೇ ಇಲ್ಲ, ನಾವು ಮುಟ್ಟಿದ್ರೆ ಇವ್ರು ಕೂಗ್ತಾರೆ," ಎಂದಳು. ಒಳಗೆ ಔಷಧಿಯ ವಾಸನೆ, ಅದರಡಿಯಲ್ಲಿ ಕೊಳೆತದ್ದರ ವಾಸನೆ. ಮಂಚದ ತುದಿಯಲ್ಲಿ ಮುದುಕನೊಬ್ಬ ಕಾಲು ಇಳಿಬಿಟ್ಟು ಕೂತಿದ್ದ.

"ಕೂತ್ಕೊಳ್ಳಪ್ಪ," ಎಂದಳು ಮುದುಕಿ. ಮೇಸ್ತ್ರಿ ಬಾಗಿಲ ಬಳಿಯೇ ನಿಂತ.

ಅಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು, ಕಬ್ಬಿಣದ ಪಟ್ಟಿಯ ತನ್ನ ಕಾಲನ್ನು ಒಂದು ಬದಿಗೆ ಚಾಚಿ, ಮುದುಕನ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಟ್ಟೆ ಹುಣ್ಣಿಗೆ ಅಂಟಿ ಒಣಗಿಹೋಗಿತ್ತು. ಅವಳು ಅದನ್ನು ಎಳೆಯಲಿಲ್ಲ. ಉಪ್ಪುನೀರನ್ನು ಹನಿಹನಿಯಾಗಿ ಅದರ ಮೇಲೆ ಬಿಟ್ಟು, ತಾನಾಗಿ ಬಿಡುವವರೆಗೆ ಕೈ ಕಟ್ಟಿಕೊಂಡು ಕಾಯುತ್ತ ಕೂತಳು.