ಒಳಗಿನಿಂದ ಕೊರೆದದ್ದು

ಉಗುರಿನಿಂದ ಚಿಮ್ಮಿದರೆ ಅದು ಟಿಣ್ ಎನ್ನಬೇಕಿತ್ತು. ಟಕ್ ಎಂದಿತು.

ತಕ್ಕಡಿ ಇನ್ನೊಮ್ಮೆ ಚಿಮ್ಮಿದ. ಮತ್ತೆ ಟಕ್. ಮೈದಾನದ ಗದ್ದಲದಲ್ಲಿ ತನ್ನ ಕಿವಿಯೇ ಕೈಕೊಟ್ಟಿತೇನೋ ಎಂದು ಸೈಕಲ್ಲನ್ನು ವ್ಯಾನಿನ ಮರೆಗೆ ತಳ್ಳಿಕೊಂಡು ಹೋಗಿ, ಹ್ಯಾಂಡಲಿಗೆ ಕಿವಿ ಹಚ್ಚಿ, ಅದರ ಬುಡದ ಲೋಹದ ತೋಳನ್ನು ಮತ್ತೆ ಚಿಮ್ಮಿ ನೋಡಿದ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಒಳಗೆಲ್ಲ ಗಟ್ಟಿಯಿರುವ ಲೋಹದ ಮೊಂಡು ಸದ್ದು ಅದು. ಅತ್ತ ವೇದಿಕೆಯ ಮೇಲೆ ಅವನ ತಂಗಿ ಕಪ್ಪನ್ನು ತಲೆಯ ಮೇಲೆ ಎತ್ತಿ ಹಿಡಿದು, ಸೋತವರಿಬ್ಬರ ನಡುವೆ ನಿಂತು ನಗುತ್ತಿದ್ದಳು.

ತಕ್ಕಡಿ ಎಂಬುದು ಅವನ ಹೆಸರಲ್ಲ, ಕೆಲಸ ಮಾಡುವ ಲೇತ್ ಅಂಗಡಿಯಲ್ಲಿ ಇಟ್ಟ ಅಡ್ಡಹೆಸರು. ಕೈಗೆ ಸಿಕ್ಕ ಬೋಲ್ಟನ್ನೂ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತೂಗುವವನಿಗೆ ಇನ್ನೇನು ಹೆಸರು ಬಂದೀತು? ತಂಗಿಗೆ ಮನೆಯಲ್ಲಿ ಕಪ್ಪೆ ಎಂದು ಹೆಸರು. ಅವಳ ಆಟವೇ ಅಂಥದ್ದು. ಸೀಟೇ ಇಲ್ಲದ ಸೈಕಲ್ಲಿನ ಮೇಲೆ ನಿಂತು ಬಂಡೆಯಿಂದ ಬಂಡೆಗೆ, ದಿಮ್ಮಿಯಿಂದ ದಿಮ್ಮಿಗೆ ನೆಗೆಯಬೇಕು. ಕಾಲು ನೆಲಕ್ಕೆ ತಗುಲಿತೋ, ಅಂಕ ಹೋಯಿತು. ಟ್ರಯಲ್ಸ್ ಎನ್ನುತ್ತಾರೆ ಅದಕ್ಕೆ. ಅಲ್ಲಿ ಸೈಕಲ್ಲನ್ನು ತುಳಿಯುವುದಕ್ಕಿಂತ ಎತ್ತುವುದೇ ಹೆಚ್ಚಾದ್ದರಿಂದ, ಗಾಡಿ ಹಗುರವಾದಷ್ಟೂ ಗೆಲುವು ಹತ್ತಿರ. “ಕಪ್ಪೆಯನ್ನ ತಕ್ಕಡಿಯಲ್ಲಿ ಕೂರಿಸೋಕೆ ಹೊರಟಿದ್ದಾನೆ ನನ್ನ ಮಗ,” ಎಂದು ಅಮ್ಮ ಸಿಕ್ಕಸಿಕ್ಕವರ ಮುಂದೆ ಹೇಳಿ ನಗುತ್ತಿದ್ದಳು. ನಗದೆ ಅವಳಿಗೂ ಬೇರೆ ದಾರಿಯಿರಲಿಲ್ಲ. ಅಡುಗೆಮನೆಯ ತೂಕದ ಮೆಷಿನ್ನು ಎಂದೋ ಮಗನ ಷೆಡ್ಡು ಸೇರಿತ್ತು. ಅವಳು ಹಿಟ್ಟನ್ನು ಮುಷ್ಟಿಯ ಲೆಕ್ಕದಲ್ಲಿ ಹಾಕಿಕೊಳ್ಳುತ್ತಿದ್ದಳು.

ಯಾವುದನ್ನು ಕೊರೆದಿಲ್ಲ ಅವನು! ಚಕ್ರದ ರಿಮ್ಮಿನ ಸುತ್ತ ತೂತು ಹಾಕಿದ. ಬ್ರೇಕಿನ ಲಿವರನ್ನು ಕೊರೆದು ಕೊರೆದು ಎಲುಬಿನ ಗೂಡು ಮಾಡಿಟ್ಟ. ಉಕ್ಕಿನ ಬೋಲ್ಟುಗಳನ್ನು ಕಿತ್ತು ಟೈಟಾನಿಯಂ ಬೋಲ್ಟು ಕೂರಿಸಿದ. ಆದರೆ ಅವನ ನಿಜವಾದ ಹೆಮ್ಮೆ ಸ್ಟೆಮ್ಮು. ಹ್ಯಾಂಡಲನ್ನು, ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಕಚ್ಚಿಸಿ ಹಿಡಿಯುವ, ಗೇಣಿಗಿಂತ ತುಸು ಗಿಡ್ಡಾದ ಲೋಹದ ತೋಳು ಅದು. ಉಳಿದವರು ಹೊರಗಿನಿಂದ ಕೆತ್ತಿ ಹಗುರ ಮಾಡಿದರೆ ಇವನು ಒಳಗಿನಿಂದ ಕೊರೆದ. ಗೋಡೆಗಳನ್ನು ತೆಳ್ಳಗೆ ಮಾಡಿ, ಒಳಗೆ ಪಕ್ಕೆಲುಬಿನಂಥ ಏಣುಗಳನ್ನಷ್ಟೇ ಉಳಿಸಿದ. ಹೊರಗಿನಿಂದ ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನೋಡಿದವರಿಗೆ ಗುಟ್ಟು ಸಿಗಬಾರದು ಎಂದು ಎರಡಕ್ಕೂ ಒಂದೇ ಕಪ್ಪು ಬಣ್ಣ ಬೇರೆ ಹೊಡೆದಿದ್ದ. ಬುದ್ಧಿವಂತ!

ಹೋದ ವರ್ಷ ಸೈಕಲ್ ಬಿಡಿಭಾಗ ಮಾಡುವ ಕಂಪನಿಯವನೊಬ್ಬ ಬಂದು ನೋಡಿ, ಒಂದು ಸ್ಯಾಂಪಲ್ ಕೇಳಿ ಒಯ್ದಿದ್ದ. ಅವನ ಮಾತು ಸರಳವಾಗಿತ್ತು. ತಂಗಿ ಇಡೀ ಸೀಸನ್ ಈ ಸ್ಟೆಮ್ಮಿನ ಮೇಲೆ ಆಡಲಿ. ಅದು ತಾಳಿದರೆ ಕಂಪನಿ ಅದನ್ನು ಮಾಡಿ ಮಾರುತ್ತದೆ, ಡಬ್ಬಿಯ ಮೇಲೆ ತಕ್ಕಡಿಯ ಹೆಸರು ಹಾಕುತ್ತದೆ. ಬೇರೆಯವರ ನಕ್ಷೆ ನೋಡಿ ಲೋಹ ಸವೆಸುತ್ತಲೇ ತಲೆ ನರೆತವನ ನಿದ್ದೆಯನ್ನು ಆ ಡಬ್ಬಿಯ ಮಾತು ಕೆಡಿಸಿತ್ತು. ಪ್ರತಿ ಪಂದ್ಯದ ದಿನ ಬೆಳಿಗ್ಗೆ ಮನೆಯಲ್ಲೇ ಸ್ಟೆಮ್ಮನ್ನು ಬಿಗಿದು, ಉಗುರಿನಿಂದ ಚಿಮ್ಮಿ, ಟಿಣ್ ಎಂಬುದನ್ನು ಕೇಳಿಯೇ ಅವನು ಹೊರಡುತ್ತಿದ್ದದ್ದು.

ಈಗ ಅದೇ ಕಂಪನಿಯವನು ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಕೈ ಹಿಡಿದು ಕುಲುಕಿದ.

“ಗೆದ್ದುಬಿಟ್ರಲ್ಲ ಸರ್! ‘ಸೀಸನ್ ಗೆದ್ದ ಸ್ಟೆಮ್’ ಅಂತಾನೇ ಡಬ್ಬಿ ಮೇಲೆ ಹಾಕೋಣ. ನಾಳೆ ಬೆಳಿಗ್ಗೆ ಕಾಗದಪತ್ರ ತಗೊಂಡು ಮನೆಗೇ ಬರ್ತೀನಿ.”

“ಹ್ಞೂಂ,” ಎಂದ ತಕ್ಕಡಿ. ಕೈ ಬಿಡಿಸಿಕೊಂಡು ಸೈಕಲ್ಲಿನ ಕಡೆ ತಿರುಗಿದ.

ಮೂವರೂ ವ್ಯಾನಿನಲ್ಲಿ ಮನೆಗೆ ಹೊರಟರು. ಅಮ್ಮನ ತೊಡೆಯ ಮೇಲೆ ಗೆದ್ದ ಕಪ್ ಕೂತಿತ್ತು. ಅಣ್ಣ ಸೈಕಲ್ಲನ್ನು ತಾನೇ ವ್ಯಾನಿಗೆ ಏರಿಸಿದ್ದಾನೆ ಎಂದು ತಿಳಿದ ಕ್ಷಣದಿಂದ ತಂಗಿ ಕಿಟಕಿಯಾಚೆ ನೋಡುತ್ತಿದ್ದಳು. ಗೆದ್ದ ಮನೆಯವರ ವ್ಯಾನು ಅದು ಎಂದು ಯಾರೂ ಹೇಳುವಂತಿರಲಿಲ್ಲ.

ಷೆಡ್ಡಿನಲ್ಲಿ ದೀಪ ಹಾಕಿ, ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವನು ಕೇಳಿದ. “ಯಾವಾಗಿಂದ?”

“ಮೊದಲನೇ ಪಂದ್ಯದಿಂದಾನೇ.”

“ನಾನು ಪ್ರತಿ ಸಲ ಚಿಮ್ಮಿ ನೋಡಿದ್ದೀನಿ.”

“ಮನೇಲಿ ನೋಡ್ತಿದ್ದೆ. ಮೈದಾನಕ್ಕೆ ಹೋದ್ಮೇಲೆ ನೀನು ಹೆಸರು ಬರೆಸೋಕೆ ಹೋಗ್ತಿದ್ದೆಯಲ್ಲ, ಆಗ ಹಳೇದು ಹಾಕ್ಕೋತಿದ್ದೆ. ಮುಗಿದ ತಕ್ಷಣ ಮತ್ತೆ ನಿಂದು. ಇವತ್ತು ಜನ ಹೆಗಲ ಮೇಲೆ ಎತ್ಕೊಂಡುಬಿಟ್ರು, ಆಗ್ಲಿಲ್ಲ.” ಅವಳು ಬಾಗಿಲ ಕಡೆ ನೋಡಿದಳು. “ಅಮ್ಮ ಟವೆಲ್ ಹಿಡಿದು ಮರೆ ಮಾಡ್ತಿದ್ಲು.”

ಅವನು ತಿರುಗಿ ನೋಡಿದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಲೆ ತಗ್ಗಿಸಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಮೈಯೆಲ್ಲ ಉರಿದುಹೋಯಿತು ಅವನಿಗೆ. ಇಡೀ ಸೀಸನ್ ಇಬ್ಬರೂ ಸೇರಿ ತನ್ನನ್ನು ಕೋತಿ ಮಾಡಿ ಕುಣಿಸಿದ್ದಾರೆ. ತಾನು ಮಾತ್ರ ಪ್ರತಿ ಗೆಲುವಿನಲ್ಲೂ ಎದೆಯುಬ್ಬಿಸಿಕೊಂಡು ಜನರ ನಡುವೆ ಓಡಾಡಿದ್ದಾನೆ.

“ಹೆದರಿಕೆ ಆಗುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?”

“ಹೇಳಿದ್ದೆ ಅಣ್ಣ.” ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. “ಇಲ್ಲೇ ನಿಂತು ಹೇಳಿದ್ದೆ. ನೀನು ಲೆಕ್ಕ ತೋರಿಸಿದೆ. ಗೋಡೆ ಇಷ್ಟು ದಪ್ಪ, ಬೀಳೋ ಭಾರ ಇಷ್ಟು, ಮುರಿಯೋದು ಸಾಧ್ಯವೇ ಇಲ್ಲ ಅಂದೆ. ಕ್ರ್ಯಾಂಕ್ ಮಾಡಿದಾಗ್ಲೂ ಅದೇ ಲೆಕ್ಕ ತೋರಿಸಿದ್ದೆ.”

ಕ್ರ್ಯಾಂಕಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನು ಹಗುರ ಮಾಡಿದ್ದ ಪೆಡಲಿನ ತೋಳು ಅದು. ಹಿಂದೊಮ್ಮೆ ಅಭ್ಯಾಸದ ವೇಳೆ, ಬಂಡೆಯಿಂದ ಬಂಡೆಗೆ ನೆಗೆಯುವ ಹೊತ್ತಿನಲ್ಲಿ ಅದು ಕಡ್ಡಿಯಂತೆ ಮುರಿದು, ಅವಳ ಬಾಯಿ ಕಲ್ಲಿಗೆ ಬಡಿದಿತ್ತು. ಈಗ ಅವಳು ನಕ್ಕರೆ ಕಾಣುವ ಮುಂದಿನ ಹಲ್ಲುಗಳು ಕಟ್ಟಿಸಿದವು. ಆಸ್ಪತ್ರೆಯಲ್ಲಿ, ರಕ್ತದ ಬಟ್ಟೆ ಬಾಯಿಗೊತ್ತಿಕೊಂಡು ಮಲಗಿದ್ದವಳ ಪಕ್ಕ ಕೂತು ಅವನು ಆಡಿದ ಮೊದಲ ಮಾತು, “ಲೋಹ ಸರಿಯಿರಲಿಲ್ಲ, ಲೆಕ್ಕ ಸರಿಯಾಗೇ ಇತ್ತು” ಎಂಬುದು. ಅವಳು ಆಗ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

“ಈ ಸಲ ಲೋಹ ನಾನೇ ಆರಿಸಿ ತಂದಿದ್ದು,” ಎಂದ ತಕ್ಕಡಿ.

ತಂಗಿ ತನ್ನ ಚೀಲದಿಂದ ಕಾಲುಚೀಲವೊಂದನ್ನು ತೆಗೆದು ಮೇಜಿನ ಮೇಲೆ ಸುರಿದಳು. ಒಳಗಿನಿಂದ ಅವನ ಸ್ಟೆಮ್ಮು ಉರುಳಿ ಬಿತ್ತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಲೇತಿನಿಂದ ಈಗ ತಾನೇ ಇಳಿಸಿದಂತಿತ್ತು.

“ಹಾಗಾದ್ರೆ ಹಾಕು. ನೀನೇ ಹತ್ತು.”

ಅವನೂ ಒಂದು ಕಾಲಕ್ಕೆ ಆಡಿದವನೇ. ಅವಳಿಗೆ ಕಲಿಸಿದವನೂ ಅವನೇ. ಮಾತಿಗೆ ಮಾತು ಬೆಳೆಸದೆ ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿದ, ಚಿಮ್ಮಿದ. ಟಿಣ್. ಎಷ್ಟು ಚೆನ್ನಾಗಿತ್ತು ಆ ಸದ್ದು! ಸೈಕಲ್ಲನ್ನು ಹಿತ್ತಲಿಗೆ ಒಯ್ದು, ನೀರಿನ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಏರಿಸಿ ಪೆಡಲುಗಳ ಮೇಲೆ ನಿಂತ. ಮೊಣಕಾಲೆತ್ತರದ ಕಟ್ಟೆ. ಅವಳು ಚಿಕ್ಕವಳಿದ್ದಾಗ ಮೊದಲ ಇಳಿತ ಕಲಿಸಿದ್ದು ಇಲ್ಲೇ. ಮುಂದಿನ ಚಕ್ರ ಮೊದಲು ಕೆಳಗೆ ಹೋಗಬೇಕು, ಮೈಯ ಭಾರವೆಲ್ಲ ಕೈಗಳ ಮೇಲೆ ಬೀಳಬೇಕು, ಕೈಗಳಿಂದ ಹ್ಯಾಂಡಲಿಗೆ, ಹ್ಯಾಂಡಲಿನಿಂದ ಸ್ಟೆಮ್ಮಿಗೆ. ಕಣ್ಣು ಮುಚ್ಚಿಕೊಂಡೂ ಇಳಿಯಬಲ್ಲ ಎತ್ತರ.

ಚಕ್ರವನ್ನು ಅಂಚಿನಾಚೆಗೆ ತಂದ. ಬಾಗಬೇಕು ಎಂದುಕೊಂಡ. ಮೈ ಬಾಗಲಿಲ್ಲ. ಸೊಂಟ ತಾನಾಗಿಯೇ ಹಿಂದಕ್ಕೆ ಸರಿದಿತ್ತು, ಮೊಣಕೈಗಳು ಕೋಲಿನಂತೆ ಸೆಟೆದಿದ್ದವು. ಚಕ್ರವನ್ನು ಹಿಂದಕ್ಕೆಳೆದು ಮತ್ತೆ ಮುಂದೆ ತಂದ. ತೆಳ್ಳಗಿನ ಗೋಡೆ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಕಲ್ಲಿಗಂಟಿದ್ದ ಹಲ್ಲಿನ ಚೂರು. ಲೆಕ್ಕ ಬಾಯಿಪಾಠವಿತ್ತು, ಮನಸ್ಸಿನಲ್ಲೇ ಒಪ್ಪಿಸಿಕೊಂಡ. ಕೈಗಳು ಒಪ್ಪಲಿಲ್ಲ. ಈ ಸ್ಟೆಮ್ಮಿನ ಮೇಲೆ ತನ್ನ ಭಾರ ಬಿಡಲು ತನಗೇ ಧೈರ್ಯವಿಲ್ಲ ಎಂಬುದು ಅವನಿಗೆ ಅಲ್ಲಿ, ಆ ಪುಟ್ಟ ಕಟ್ಟೆಯ ಮೇಲೆ, ಕಪಾಳಕ್ಕೆ ಹೊಡೆದ ಹಾಗೆ ಗೊತ್ತಾಯಿತು.

ತಂಗಿ ನಕ್ಕಿದ್ದರೆ ಚೆನ್ನಾಗಿತ್ತು. ಅವಳು ನಗಲಿಲ್ಲ. ಹತ್ತಿರ ಬಂದು, ಅವನು ಇಳಿಯಲೆಂದು ಹ್ಯಾಂಡಲನ್ನು ಹಿಡಿದುಕೊಂಡಳು. ಅವನು ಅವಳ ಭುಜ ಹಿಡಿದುಕೊಂಡೇ ಇಳಿದ.

“ಕ್ರ್ಯಾಂಕು...” ಎಂದ.

“ಗೊತ್ತು ಬಿಡು,” ಎಂದು ಅವಳು ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದಳು. ಕ್ಷಮಿಸಿದವರ ದನಿಯಾಗಿರಲಿಲ್ಲ ಅದು.

ಕಂಪನಿಯವನಿಗೆ ಅವನು ಹಿತ್ತಲಿನಿಂದಲೇ ಫೋನು ಮಾಡಿದ. “ಆ ಸ್ಟೆಮ್ಮು ಸೀಸನ್ ಆಡಿಲ್ಲ. ಒಂದು ಪಂದ್ಯಾನೂ ಆಡಿಲ್ಲ. ಗೆದ್ದಿದ್ದು ಹಳೇದು.”

ಆ ಕಡೆಯಿಂದ ನಗು ಕೇಳಿಸಿತು. “ಅಷ್ಟೇನಾ ಸರ್? ನಾನೆಲ್ಲೋ ಮುರಿದೇಹೋಯ್ತು ಅಂದ್ಕೊಂಡೆ. ಹೊರಗಿಂದ ಎರಡೂ ಒಂದೇ ಥರ ಅಂತ ನೀವೇ ಹೇಳಿದ್ರಲ್ಲ. ಯಾರಿಗೆ ಗೊತ್ತಾಗುತ್ತೆ?”

“ಬೇಡ. ಯಾರ‍್ಯಾರ ಮನೆ ಮಕ್ಕಳೋ ಅದರ ಮೇಲೆ ಹತ್ತೋರು. ಪರೀಕ್ಷೆ ಆಗದೆ ಮಾಡಬೇಡಿ. ನನ್ನ ಹೆಸರು ಹಾಕಬೇಡಿ.”

“ಹೆಸರು ಬೇಡ ಅಂದ್ರೆ ಬೇಡ ಬಿಡಿ ಸರ್, ಬಲವಂತ ಏನಿಲ್ಲ.” ದನಿ ಮೊದಲಿನಷ್ಟೇ ನಯವಾಗಿತ್ತು. “ಸ್ಯಾಂಪಲ್ ಹೇಗೂ ನಮ್ಮ ಹತ್ರ ಇದೆಯಲ್ಲ. ನಮ್ಮೋರು ಆಗಲೇ ಅದನ್ನ ಕುಯ್ದು ಒಳಗೆಲ್ಲ ನೋಡಿದ್ದಾರೆ.”

ಫೋನು ಕಟ್ಟಾದ ಮೇಲೂ ಅವನು ಅದನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದ. ಕೂಗಾಡಬೇಕೆನಿಸಿತು, ಯಾರ ಮೇಲೆ ಕೂಗಾಡುವುದು? ಆ ಸ್ಯಾಂಪಲ್ಲನ್ನು ಬಟ್ಟೆಯಿಂದ ಒರೆಸಿ, ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟವನು ತಾನೇ.

ಷೆಡ್ಡಿಗೆ ಬಂದು ಮೇಜಿನ ಮೇಲಿನ ತೂಕದ ಮೆಷಿನ್ನನ್ನು ಎತ್ತಿಕೊಂಡ. ಅದರ ತಟ್ಟೆಯ ಅಂಚಿನಲ್ಲಿ ಸೇರಿಕೊಂಡಿದ್ದ ಲೋಹದ ಪುಡಿಯನ್ನು ಉಗುರಿನಿಂದ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಅಡುಗೆಮನೆಗೆ ಒಯ್ದು ಅಮ್ಮನ ಪಕ್ಕ ಇಟ್ಟ. ಅಭ್ಯಾಸಬಲದಿಂದ ಗುಂಡಿಯನ್ನೂ ಒತ್ತಿದ.

ಅಮ್ಮ ಹಿಟ್ಟಿನ ಡಬ್ಬಿ ತೆರೆದಿದ್ದಳು. ಮೆಷಿನ್ನನ್ನು ನೋಡಿದಳು, ಮಗನನ್ನು ನೋಡಿದಳು.

“ಇರಲಿ, ಅಲ್ಲೇ ಇಡು. ನನಗೀಗ ಅದರ ಅಭ್ಯಾಸ ತಪ್ಪಿಹೋಗಿದೆ ಕಣೋ,” ಎಂದು ಅದನ್ನು ಮೊಣಕೈಯಿಂದ ಮೆಲ್ಲನೆ ಪಕ್ಕಕ್ಕೆ ಸರಿಸಿ, ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ಹಿಟ್ಟು ತೆಗೆದಳು.

ಗೋಡೆಗೊರಗಿ ನಿಂತು ಅವನು ನೋಡುತ್ತಿದ್ದ. ಮೆಷಿನ್ನಿನ ಕಿಟಕಿಯಲ್ಲಿ ಸೊನ್ನೆ ಸ್ವಲ್ಪ ಹೊತ್ತು ಹಸಿರಾಗಿ ಉರಿದು, ತಾನಾಗಿಯೇ ಆರಿತು.